ಅಲೆಮಾರಿ ಹಾಡುಗಾರ ಅತಾವಾಲ್ಪಾ ಯುಪಾಂಕಿ

ತನ್ನ ಭಾಷೆ ಬಾರದ ನಾಡಿನಲ್ಲಿ ಹಾಡಿಯೇ ಬದುಕಬೇಕಾಗಿ ಬಂದವನು ಏನು ಮಾಡಬೇಕು? ಆ ನಾಡಿನ ಮಾತನ್ನು ಕಲಿತು, ಅವರ ಹಾಡನ್ನೇ ಅವರಿಗೆ ಒಪ್ಪಿಸಬೇಕೆ? ಇಲ್ಲವೆ ತನ್ನದನ್ನೇ ಹಾಡಿ, ತಿಳಿದಷ್ಟು ತಿಳಿಯಲಿ ಎಂದು ಬಿಡಬೇಕೆ? ಮನೆಯೊಳಗೊಂದು ಮಾತು, ಪೇಟೆಯಲ್ಲೊಂದು ಮಾತು ಎಂದು ಎರಡರ ನಡುವೆ ದಿನ ಕಳೆಯುವ ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದ ಅತಾವಾಲ್ಪಾ ಯುಪಾಂಕಿ ತಮ್ಮ ಬಾಳಿನ ಉತ್ತರಾರ್ಧವನ್ನು ಈ ಪ್ರಶ್ನೆಯೊಡನೆಯೇ ಕಳೆದರು. ತಾವೇ ಹಾಡು ಕಟ್ಟಿ, ತಾವೇ ಗಿಟಾರ್ ನುಡಿಸಿ, ಒಬ್ಬರೇ ಹಾಡಿ, ಪರದೇಶದ ಊರೂರು ತಿರುಗಿದ ಈ ಕಲಾವಿದರ ಜೀವನವನ್ನು ನಾವಿಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಅತಾವಾಲ್ಪಾ ಯುಪಾಂಕಿ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. 1908ರ ಜನವರಿ 31ರಂದು ಬ್ಯೂನಸ್ ಐರಿಸ್ ಪ್ರಾಂತದ ಪೆರ್ಗಮಿನೊ ಸೀಮೆಯಲ್ಲಿ ಹುಟ್ಟಿದ ಈ ಮಗುವಿಗೆ ಎಕ್ತೋರ್ ರೊಬೆರ್ತೊ ಚವೇರೊ ಎಂದು ನಾಮಕರಣವಾಗಿತ್ತು. ತಂದೆ ರೈಲ್ವೆ ನೌಕರರು. ಸಾಂತಿಯಾಗೊ ದೆಲ್ ಎಸ್ತೆರೊ ಎಂಬ ಬಿಸಿಲ ನಾಡಿನವರು. ಸ್ಪೇನಿನವರು ಬಂದು ನೆಲೆಸುವ ಮೊದಲು ಇಂಕಾ ಅರಸರು ಆಳಿದ ಸಾಮ್ರಾಜ್ಯದ ಮಾತಾಗಿದ್ದ ಕೆಚುವಾ ಭಾಷೆಯನ್ನು ಇಂದಿಗೂ ಆ ಪ್ರಾಂತದ ಹಳ್ಳಿಗಳಲ್ಲಿ ಆಡುವವರಿದ್ದಾರೆ. ತಂದೆಯ ರಕ್ತದಲ್ಲಿ ಆ ಮೂಲನಿವಾಸಿಗಳ ಅಂಶವಿತ್ತು. ತಾಯಿಯ ಮನೆತನ ಬಾಸ್ಕ್ ಜನರದು. ಸ್ಪೇನ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿ, ಸುತ್ತಮುತ್ತಲಿನ ಯಾವ ಭಾಷೆಯೊಂದಿಗೂ ನಂಟಿಲ್ಲದ ತಮ್ಮದೇ ಮಾತನ್ನು ಉಳಿಸಿಕೊಂಡು ಬಂದ ಜನ ಅವರು. ಹೀಗೆ ಹುಡುಗನಿಗೆ ಎರಡು ಕಡೆಯಿಂದಲೂ ಬಂದದ್ದು ಸಣ್ಣ ಭಾಷೆಗಳವರ ಬಳುವಳಿ.

ಶಾಲೆಯಲ್ಲಿದ್ದಾಗಲೇ ಕವಿತೆ ಬರೆಯುವ ಗೀಳು ಹತ್ತಿತ್ತು. ಬರೆದ ಕವಿತೆಗಳಿಗೆ ಸಹಿ ಹಾಕಲು ಹುಡುಗ ಆರಿಸಿಕೊಂಡ ಹೆಸರು ಅತಾವಾಲ್ಪಾ. 1533ರಲ್ಲಿ ಸ್ಪೇನಿನವರ ಕೈಯಲ್ಲಿ ಪ್ರಾಣ ತೆತ್ತ ಇಂಕಾ ಅರಸನ ಹೆಸರದು. ಕೆಲವು ವರ್ಷಗಳ ತರುವಾಯ ಅದಕ್ಕೆ ಯುಪಾಂಕಿ ಎಂಬ ಇನ್ನೊಂದು ಇಂಕಾ ರಾಜನಾಮವೂ ಸೇರಿಕೊಂಡಿತು. ದೂರದ ನಾಡಿನಿಂದ ಏನನ್ನೋ ಹೇಳಲು ಬಂದವನು ಎಂಬುದು ಈ ಹೆಸರಿಗೆ ಅವರು ಕೊಡುತ್ತಿದ್ದ ಅರ್ಥ. ಮುಂದೆ ಬದುಕು ಹೆಸರಿಗೆ ತಕ್ಕಂತೆಯೇ ನಡೆಯಿತು.

ಬಾಲ್ಯ ಕಳೆದದ್ದು ಆಗುಸ್ತಿನ್ ರೋಕಾ ಎಂಬ ರೈಲು ನಿಲ್ದಾಣದ ಸಣ್ಣ ಊರಿನಲ್ಲಿ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಹುಲ್ಲುಗಾವಲು. ಸಂಜೆಯಾದರೆ ದನಗಾಹಿಗಳೂ ಕೂಲಿಗಳೂ ಗಿಟಾರ್ ಹಿಡಿದು ಹಾಡುತ್ತಿದ್ದುದನ್ನು ಹುಡುಗ ಕೇಳುತ್ತ ಬೆಳೆದ. ಮೊದಲು ಊರಿನ ಪಾದ್ರಿಯೊಬ್ಬರಲ್ಲಿ ಪಿಟೀಲು ಪಾಠವಾಯಿತು. ಆಮೇಲೆ ಹುನಿನ್ ಪಟ್ಟಣದ ಬೌತಿಸ್ತಾ ಅಲ್ಮಿರೋನ್ ಎಂಬ ಗುರುಗಳಲ್ಲಿ ಗಿಟಾರ್ ಅಭ್ಯಾಸ. ಹದಿನೈದು ಹದಿನಾರು ಕಿಲೋಮೀಟರ್ ದೂರವನ್ನು ಕುದುರೆಯ ಮೇಲೆ ಹೋಗಿ ಬರಬೇಕಿತ್ತು. ಸೋರ್, ಅಲ್ಬೆನಿಸ್, ತಾರೆಗಾ ಮೊದಲಾದ ಸ್ಪೇನಿನ ಸಂಗೀತಕಾರರ ಶಾಸ್ತ್ರೀಯ ಕೃತಿಗಳನ್ನು ಹುಡುಗ ಕೇಳಿದ್ದು ಅಲ್ಲಿ. ಹುಲ್ಲುಗಾವಲಿನ ಹಾಡು ಒಂದು ಕಡೆ, ಶಾಸ್ತ್ರದ ಶಿಸ್ತು ಇನ್ನೊಂದು ಕಡೆ. ಎರಡೂ ಒಂದೇ ಕೈಯಲ್ಲಿ ಕೂಡಿದವು.

1917ರಲ್ಲಿ ಸಂಸಾರ ಉತ್ತರದ ತುಕುಮಾನ್ ಪ್ರಾಂತಕ್ಕೆ ಹೋಯಿತು. ಕಬ್ಬಿನ ಗದ್ದೆಗಳ, ಬೆಟ್ಟಗಳ ನಾಡದು. ಕೆಲವೇ ವರ್ಷಗಳಲ್ಲಿ ತಂದೆ ತೀರಿಕೊಂಡು, ಮೀಸೆ ಮೂಡುವ ಮೊದಲೇ ಮನೆಯ ಭಾರ ಹುಡುಗನ ಹೆಗಲಿಗೆ ಬಿತ್ತು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವುದರಿಂದ ಹಿಡಿದು ಪತ್ರಿಕೆಗೆ ಬರೆಯುವವರೆಗೆ ಸಿಕ್ಕಿದ ಕೆಲಸವನ್ನೆಲ್ಲ ಮಾಡಿದರು. ಹೇಸರಗತ್ತೆಗಳ ಮೇಲೆ ಬೆಟ್ಟದ ದಾರಿ ಹಿಡಿದು ಹಳ್ಳಿ ಹಳ್ಳಿ ಸುತ್ತಿದರು. ಅಲ್ಲಿನ ಕೂಲಿಗಳು, ಗಣಿಯವರು, ದನ ಅಟ್ಟುವವರು ಹಾಡುವ ಹಾಡುಗಳನ್ನು ಕೇಳಿ ಮನನ ಮಾಡಿಕೊಂಡರು. ಹತ್ತೊಂಬತ್ತರ ಹರೆಯದಲ್ಲಿ, ಬೆಟ್ಟದ ಜನ ನಡೆದು ನಡೆದು ಸವೆದ ಕಾಲುದಾರಿಯ ಮೇಲೆ ಅವರು ಕಟ್ಟಿದ 'ಕಮೀನೊ ದೆಲ್ ಇಂದಿಯೊ' ಎಂಬ ಹಾಡು ಇಂದಿಗೂ ಆ ನಾಡಿನಲ್ಲಿ ಮನೆಮಾತು.

ಯುಪಾಂಕಿಯವರಿಗೆ ಸರಕಾರಗಳೊಡನೆ ಎಂದೂ ಸರಿಹೋಗಲಿಲ್ಲ. 1932ರಲ್ಲಿ ಸೇನಾಡಳಿತದ ವಿರುದ್ಧ ನಡೆದು ವಿಫಲವಾದ ಒಂದು ದಂಗೆಯಲ್ಲಿ ಸೇರಿದ್ದರಿಂದ ನೆರೆಯ ಉರುಗ್ವೆ ದೇಶಕ್ಕೆ ತಲೆಮರೆಸಿಕೊಂಡು ಹೋಗಬೇಕಾಯಿತು. ತಾಯ್ನಾಡಿಗೆ ಮರಳಿದ್ದು 1934ರಲ್ಲಿ. 1945ರಲ್ಲಿ ಕಮ್ಯುನಿಸ್ಟ್ ಪಕ್ಷ ಸೇರಿದರು. ಮರು ವರ್ಷ ಪೆರೋನ್ ಅಧಿಕಾರಕ್ಕೆ ಬಂದ ಮೇಲಂತೂ ಕಷ್ಟ ಹೆಚ್ಚಿತು. ರೇಡಿಯೋದಲ್ಲಿ ಅವರ ಹಾಡು ನಿಂತಿತು, ರಂಗಮಂದಿರಗಳ ಬಾಗಿಲು ಮುಚ್ಚಿತು. ಹಲವು ಬಾರಿ ಸೆರೆಮನೆಯ ವಾಸವಾಯಿತು.

ಆ ಸೆರೆಯ ದಿನಗಳ ಒಂದು ಸಂಗತಿಯನ್ನು ಯುಪಾಂಕಿ ಮುಂದೆ ತಾವೇ ಹೇಳಿಕೊಂಡಿದ್ದಾರೆ. ಹಾಡುಗಾರನ ಕೈ ಮುರಿದರೆ ಹಾಡು ನಿಲ್ಲುತ್ತದೆಂದು ಬಗೆದವರು ಅವರ ಬಲಗೈಯ ಮೇಲೆ ಟೈಪ್‌ರೈಟರ್ ಯಂತ್ರವನ್ನಿಟ್ಟು, ಅದರ ಮೇಲೆ ಕುಳಿತು ಬೆರಳನ್ನು ಜಜ್ಜಿದರು. ಆದರೆ ಯುಪಾಂಕಿ ಎಡಚರು. ತಂತಿ ಮೀಟುವುದು ಅವರ ಎಡಗೈ ಎಂಬುದನ್ನು ಹಿಂಸಿಸಿದವರು ತಿಳಿದಿರಲಿಲ್ಲ. ಹಾಗೆಂದು ಏಟು ವ್ಯರ್ಥವಾಯಿತೆಂದು ನಾವು ತಿಳಿಯುವಂತಿಲ್ಲ. ಎಡಚರಿಗೆ ತಂತಿಯನ್ನು ಒತ್ತಿ ಸ್ವರ ಹಿಡಿಯುವ ಕೈ ಬಲಗೈಯಲ್ಲವೆ? ಆ ತೋರುಬೆರಳು ಮತ್ತೆ ಮೊದಲಿನಂತಾಗಲಿಲ್ಲ. ಕೆಲವು ಸ್ವರಮೇಳಗಳನ್ನು ಹಿಡಿಯಲು ಕೊನೆಯವರೆಗೂ ಅವರು ಕಷ್ಟಪಡಬೇಕಾಯಿತು. ಲೋಕ ಮೆಚ್ಚಿದ ಆ ವಾದನವೆಲ್ಲ ಈ ನೊಂದ ಬೆರಳಿನದು.

1949ರಲ್ಲಿ ಯುಪಾಂಕಿ ಯುರೋಪಿಗೆ ಹಡಗು ಹತ್ತಿದರು. ಆಗ ವಯಸ್ಸು ನಲವತ್ತೊಂದು. ಪ್ಯಾರಿಸಿನಲ್ಲಿ ಅವರನ್ನು ಬಲ್ಲವರು ಯಾರೂ ಇರಲಿಲ್ಲ. ಬರಬರುತ್ತ ಕವಿ ಪೌಲ್ ಎಲ್ವಾರ್ ಮೊದಲಾದವರ ಸ್ನೇಹ ದೊರೆಯಿತು. ಎಡಿತ್ ಪಿಯಾಫ್ ಆಗ ಫ್ರಾನ್ಸಿನ ಕಣ್ಮಣಿಯಾಗಿದ್ದ ಗಾಯಕಿ. ಬಡತನದಿಂದ, ಬೀದಿಯಲ್ಲಿ ಹಾಡುತ್ತಲೇ ಮೇಲೆ ಬಂದ ಆಕೆಗೆ ಈ ಪರದೇಶಿಯ ಹಾಡು ಹಿಡಿಸಿತು. 1950ರ ಜುಲೈ ತಿಂಗಳಲ್ಲಿ ಅತೆನೆ ನಾಟಕಶಾಲೆಯ ತಮ್ಮ ವೇದಿಕೆಯಲ್ಲಿ ಆಕೆ ಯುಪಾಂಕಿಯವರನ್ನು ಹಾಡಿಸಿದರು. ಹೆಸರಾದ ಕಲಾವಿದೆಯೊಬ್ಬರು ತಮ್ಮ ಜನವನ್ನು ಅಪರಿಚಿತನೊಬ್ಬನಿಗೆ ಒಂದು ಸಂಜೆಯ ಮಟ್ಟಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಆ ಸಂಜೆಯ ನಂತರ ದಾರಿ ತೆರೆಯಿತು. ಷಾನ್ ದ್ಯು ಮೋಂದ್ ಎಂಬ ಧ್ವನಿಮುದ್ರಣ ಸಂಸ್ಥೆ ಅವರ ಹಾಡುಗಳನ್ನು ಮುದ್ರಿಸಿಕೊಂಡಿತು. ಗಣಿ ಕಾರ್ಮಿಕನ ಬಾಳನ್ನು ಹೇಳುವ 'ಮಿನೇರೊ ಸೋಯ್' ಎಂಬ ತಟ್ಟೆಗೆ ಫ್ರಾನ್ಸಿನ ಷಾರ್ಲ್ ಕ್ರೋ ಅಕಾಡೆಮಿಯ ಪ್ರಥಮ ಬಹುಮಾನ ಬಂತು. ಯುರೋಪಿನ ಊರುಗಳಲ್ಲಿ ಕಚೇರಿಯ ಮೇಲೆ ಕಚೇರಿ ನಡೆಯಿತು.

ಅವರ ಕಚೇರಿಯ ಸ್ವರೂಪವನ್ನು ಇಲ್ಲಿ ಹೇಳಬೇಕು. ಒಂದು ಕುರ್ಚಿ, ಒಂದು ಗಿಟಾರ್, ಒಬ್ಬ ಮನುಷ್ಯ. ಪಕ್ಕವಾದ್ಯವಿಲ್ಲ, ಬಣ್ಣದ ಉಡುಪಿಲ್ಲ, ಕುಣಿತವಿಲ್ಲ. ದಕ್ಷಿಣ ಅಮೆರಿಕದ ಹಾಡೆಂದರೆ ಗದ್ದಲವೇ ಇರಬೇಕೆಂದು ಬಗೆದು ಬಂದವರು ಈ ತಗ್ಗಿದ ದನಿಯನ್ನು ಕೇಳಲು ಉಸಿರು ಬಿಗಿಹಿಡಿದು ಕೂರಬೇಕಾಗುತ್ತಿತ್ತು. ಹಾಡುತ್ತಿದ್ದುದು ಸ್ಪ್ಯಾನಿಷ್‌ನಲ್ಲಿಯೇ, ನಡುನಡುವೆ ಬೆಟ್ಟದ ಜನರ ಮಾತುಗಳು. ಇಂಥ ಹಾಡಿಗೆ ಸಾವಿರಾರು ಜನರ ಮೈದಾನಕ್ಕಿಂತ ಸಣ್ಣ ಸಭಾಂಗಣವೇ ಒಗ್ಗುತ್ತದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಭಾಷೆ ಬಾರದವರಿಗೆ ಇದು ಹೇಗೆ ಮುಟ್ಟಿತು? ಒಂದು ಉದಾಹರಣೆಯಿಂದ ಇದನ್ನು ತಿಳಿಯಬಹುದು. ಉರುಗ್ವೆಯ ಕವಿ ರೊಮಿಲ್ದೊ ರಿಸ್ಸೊ ಅವರ ಒಂದು ಪದ್ಯಕ್ಕೆ ಯುಪಾಂಕಿ ಧಾಟಿ ಕಟ್ಟಿ ಹಾಡುತ್ತಿದ್ದರು. ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕದ ಒಬ್ಬ ಗಾಡಿಯವನ ಕಥೆ ಅದು. ಜನ ಅವನನ್ನು ಸೋಮಾರಿ ಎನ್ನುತ್ತಾರೆ. ಅವನಿಗೋ ಆ ಕಿರುಗುಟ್ಟುವ ಸದ್ದೇ ದಾರಿಯ ಜೊತೆಗಾರ. ಈ ಹಾಡಿನಲ್ಲಿ ಗಿಟಾರಿನ ನಡೆಯೇ ಗಾಡಿಯ ನಡೆ: ಅವಸರವಿಲ್ಲ, ನಿಲುಗಡೆಯೂ ಇಲ್ಲ. ಮಾತು ತಿಳಿಯದವನಿಗೂ ಉದ್ದವಾದ ದಾರಿಯೂ ಒಂಟಿ ಮನುಷ್ಯನೂ ಕಾಣುತ್ತಾರೆ. ಮಾತು ಬಿಟ್ಟ ಜಾಗವನ್ನು ಲಯ ತುಂಬುತ್ತಿತ್ತು. ಕೊಲಂಬಿಯಾ ಮತ್ತು ವೆನೆಜುವೆಲಾ ಗಡಿಯ ಕರಾವಳಿಯಲ್ಲಿ ಅವರು ಸಂಗ್ರಹಿಸಿದ ಒಂದು ಜೋಗುಳವೂ ಹಾಗೆಯೇ. ಹೊಲದಲ್ಲಿ ದುಡಿಯುವ ತಾಯಿಯ ಕೂಸನ್ನು ಮಲಗಿಸುವ ಆ ಹಾಡು ಮುಂದೆ ಖಂಡದ ಗಡಿಗಳನ್ನೂ ದಾಟಿ ಹರಡಿತು.

1952ರಲ್ಲಿ ಅವರು ಬ್ಯೂನಸ್ ಐರಿಸ್‌ಗೆ ಮರಳಿದರು. ಮರು ವರ್ಷ ಕಮ್ಯುನಿಸ್ಟ್ ಪಕ್ಷದಿಂದ ಹೊರಬಂದರು. ರೇಡಿಯೋದ ಬಾಗಿಲು ಮೆಲ್ಲಗೆ ತೆರೆಯಿತು. ಆದರೆ ಕಾಲು ಒಂದೆಡೆ ನಿಲ್ಲಲಿಲ್ಲ. 1963-64ರಲ್ಲಿ ಕೊಲಂಬಿಯಾ, ಜಪಾನ್, ಮೊರಾಕ್ಕೊ, ಈಜಿಪ್ಟ್, ಇಸ್ರೇಲ್, ಇಟಲಿ ದೇಶಗಳ ಸಂಚಾರವಾಯಿತು. 1967ರಲ್ಲಿ ಸ್ಪೇನಿನಲ್ಲಿ ಹಾಡಿ, ಆಮೇಲೆ ಪ್ಯಾರಿಸಿನಲ್ಲಿಯೇ ನೆಲೆ ನಿಂತರು. ಆಗಾಗ ತಾಯ್ನಾಡಿಗೆ ಹೋಗಿ ಬರುತ್ತಿದ್ದುದು 1976ರಲ್ಲಿ ಸೇನಾಡಳಿತ ಬಂದ ಮೇಲೆ ಕಡಿಮೆಯಾಯಿತು. ಅರ್ಜೆಂಟೀನಾದ ಕೊಸ್ಕಿನ್ ಊರಿನಲ್ಲಿ ವರ್ಷವರ್ಷವೂ ನಡೆಯುವ ಜಾನಪದ ಸಂಗೀತೋತ್ಸವದ ಮುಖ್ಯ ವೇದಿಕೆಗೆ 1972ರಲ್ಲಿ ಅವರ ಹೆಸರಿಟ್ಟರು. ವೇದಿಕೆಗೆ ಹೆಸರು ಊರಿನಲ್ಲಿ, ಹೆಸರಿನವರು ಪರದೇಶದಲ್ಲಿ!

ಇಷ್ಟೇ ಹೇಳಿ ಮುಗಿಸಿದರೆ ಅರ್ಧ ಕಥೆ ಹೇಳಿದಂತಾಗುತ್ತದೆ. ಯುಪಾಂಕಿಯವರ ಪ್ರಸಿದ್ಧ ಹಾಡುಗಳಲ್ಲಿ ಎಷ್ಟೋ ಹಾಡುಗಳ ಕೆಳಗೆ ಪಾಬ್ಲೊ ದೆಲ್ ಸೆರ್ರೊ ಎಂಬ ಇನ್ನೊಂದು ಹೆಸರಿದೆ. ಇದು ಯಾರೋ ಬೆಟ್ಟದ ಸೀಮೆಯ ಗಂಡಸಿನ ಹೆಸರೆಂದು ಜನ ಬಹುಕಾಲ ತಿಳಿದಿದ್ದರು. ಅಂಥ ಗಂಡಸು ಯಾರೂ ಇರಲಿಲ್ಲ. ಅದು ಯುಪಾಂಕಿಯವರ ಬಾಳಸಂಗಾತಿ ನೆನೆಟ್ ಅವರ ಮರೆಹೆಸರು. ಕೆನಡಾದ ಕರಾವಳಿಗೆ ಸಮೀಪದ, ಫ್ರಾನ್ಸಿಗೆ ಸೇರಿದ ಸೇಂಟ್ ಪಿಯೆರ್ ಮತ್ತು ಮಿಕೆಲಾನ್ ಎಂಬ ಪುಟ್ಟ ದ್ವೀಪಗಳಲ್ಲಿ ಹುಟ್ಟಿದ ಆಂತ್ವಾನೆಟ್ ಪೌಲ್ ಪೆಪಾನ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಈಕೆ ಪಿಯಾನೊ ವಾದನದಲ್ಲಿ ಶಾಸ್ತ್ರೋಕ್ತವಾಗಿ ಪಳಗಿದವರು. ಇಬ್ಬರೂ ಮೊದಲು ಭೇಟಿಯಾದದ್ದು 1942ರಲ್ಲಿ, ತುಕುಮಾನಿನಲ್ಲಿ. ತಮ್ಮ ಹೆಸರಿನ ಪೌಲ್ ಎಂಬುದನ್ನು ಪಾಬ್ಲೊ ಮಾಡಿ, ವಾಸವಿದ್ದ ಸೆರ್ರೊ ಕೊಲೊರಾಡೊ ಊರಿನ ಹೆಸರನ್ನು ಅದಕ್ಕೆ ಜೋಡಿಸಿದರು. ದನಗಾಹಿಗಳ ಹಾಡಿಗೆ ಹೆಂಗಸು, ಅದರಲ್ಲಿಯೂ ಪರದೇಶದ ಹೆಂಗಸು, ಧಾಟಿ ಕಟ್ಟಿದಳೆಂದರೆ ಒಪ್ಪುವ ಕಾಲವಾಗಿರಲಿಲ್ಲ ಅದು.

'ಎಲ್ ಅಲಸಾನ್', 'ಚಕರೇರಾ ದೆ ಲಾಸ್ ಪಿಯೆದ್ರಾಸ್' ಮೊದಲಾದ, ಇಂದು ಅರ್ಜೆಂಟೀನಾದ ಅಪ್ಪಟ ನೆಲದ ಹಾಡುಗಳೆನಿಸಿಕೊಂಡವು ಆಕೆಯ ಕೈಯಿಂದ ರೂಪ ಪಡೆದವು. ಪತಿ ಪರದೇಶದಲ್ಲಿ ಊರೂರು ಸುತ್ತುತ್ತಿದ್ದಾಗ ಮನೆ ಮಗುವನ್ನು ನೋಡಿಕೊಂಡು ಬೆಟ್ಟದ ಊರಿನಲ್ಲಿ ಉಳಿದವರೂ ಆಕೆಯೇ. ಸಂಚಾರದ ನಡುವೆ ಯುಪಾಂಕಿ ಆಕೆಗೆ ಬರೆದ ಕಾಗದಗಳು 2001ರಲ್ಲಿ ಪುಸ್ತಕವಾಗಿ ಹೊರಬಂದವು. ಒಬ್ಬನೇ ಹಾಡುತ್ತಾನೆ ಎಂದು ನಾವು ಹೇಳುವ ಕಲಾವಿದನ ಹಿಂದೆ ಇನ್ನೊಂದು ಜೀವ ದುಡಿಯುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೊನೆಗಾಲದಲ್ಲಿ ಗೌರವಗಳು ಸಾಲುಗಟ್ಟಿ ಬಂದವು. 1986ರಲ್ಲಿ ಫ್ರಾನ್ಸ್ ಸರಕಾರ ಕಲೆ ಮತ್ತು ಸಾಹಿತ್ಯಕ್ಕೆ ಸಲ್ಲುವ ಪದವಿಯನ್ನಿತ್ತು ಮನ್ನಿಸಿತು. 1989ರಲ್ಲಿ ಫ್ರೆಂಚ್ ಮಹಾಕ್ರಾಂತಿಯ ಇನ್ನೂರನೆಯ ವರ್ಷದ ಸಂದರ್ಭಕ್ಕೆ ಕಾವ್ಯ ಬರೆದುಕೊಡುವ ಕರೆಯೂ ಬಂತು. ಒಮ್ಮೆ ಯಾರ ಪರಿಚಯವೂ ಇಲ್ಲದೆ ಆ ದೇಶಕ್ಕೆ ಬಂದಿಳಿದವರು ಅಲ್ಲಿಯ ಹಬ್ಬಕ್ಕೇ ಕವಿಯಾದರು. 1990ರಲ್ಲಿ ನೆನೆಟ್ ಕಣ್ಮುಚ್ಚಿದರು. ಹೃದಯ ದುರ್ಬಲವಾಗಿದ್ದರೂ ಯುಪಾಂಕಿ ಗಿಟಾರ್ ಕೆಳಗಿಡಲಿಲ್ಲ. 1992ರ ಮೇ ತಿಂಗಳಲ್ಲಿ ಹಾಡಲೆಂದು ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣಕ್ಕೆ ಹೋದರು. ಮೇ 23ರಂದು ಅಲ್ಲಿಯೇ ತೀರಿಕೊಂಡರು. ಆಗ ವಯಸ್ಸು ಎಂಬತ್ತನಾಲ್ಕು.

ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಅರ್ಜೆಂಟೀನಾಕ್ಕೆ ತಂದು, ಕೊರ್ದೊಬಾ ಪ್ರಾಂತದ ಸೆರ್ರೊ ಕೊಲೊರಾಡೊದಲ್ಲಿ ಅವರ ಮನೆಯ ಅಂಗಳದ ಓಕ್ ಮರದ ಬುಡದಲ್ಲಿ ಇಟ್ಟರು. ಮೂಲನಿವಾಸಿಗಳು ಬಂಡೆಗಳ ಮೇಲೆ ಬರೆದ ಪುರಾತನ ಚಿತ್ರಗಳಿರುವ ಊರದು. ಅಡಗಿದ ನೀರು ಎಂಬರ್ಥದ ಹೆಸರಿರುವ ಆ ಮನೆ ಈಗ ವಸ್ತುಸಂಗ್ರಹಾಲಯ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಯುಪಾಂಕಿಯವರ ಬದುಕು ಕೊಡುವ ಉತ್ತರ ಸುಲಭದ್ದೇನಲ್ಲ. ತನ್ನ ಹಾಡನ್ನು ತನ್ನ ಮಾತಿನಲ್ಲಿಯೇ ಹಾಡಿ ಪರದೇಶದವರನ್ನು ಗೆಲ್ಲಬಹುದೆಂದು ಅವರು ತೋರಿಸಿಕೊಟ್ಟರು. ಆದರೆ ಅದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಮುರಿದ ಬೆರಳು, ದೂರವಾದ ಊರು, ಬೇರೆ ಹೆಸರಿನಲ್ಲಿ ಮರೆಯಾಗಿ ನಿಂತ ಹೆಂಡತಿ, ಇವೆಲ್ಲ ಆ ಲೆಕ್ಕದಲ್ಲಿ ಸೇರಿವೆ. ಇಂದು ಅರ್ಜೆಂಟೀನಾದ ಮಕ್ಕಳು ಆ ಹಾಡುಗಳನ್ನು ಶಾಲೆಯಲ್ಲಿ ಕಲಿಯುವಾಗ, ಪಾಬ್ಲೊ ದೆಲ್ ಸೆರ್ರೊ ಯಾರೆಂಬುದನ್ನೂ ಅವರಿಗೆ ಹೇಳಿಕೊಡಬೇಕು ಎಂಬುದೇ ನಮ್ಮ ಆಸೆ.