ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್

ಸರ್ ಚಾರ್ಲ್ಸ್ ಎಡ್ವರ್ಡ್ ಕಿಂಗ್ಸ್‌ಫರ್ಡ್ ಸ್ಮಿತ್ (ಜನನ: ೯ ಫೆಬ್ರವರಿ ೧೮೯೭, ಮರಣ: ೮ ನವೆಂಬರ್ ೧೯೩೫) ಆಸ್ಟ್ರೇಲಿಯಾದ ಹೆಸರಾಂತ ವೈಮಾನಿಕರು. ೧೯೨೮ರಲ್ಲಿ ಮೂವರು ಸಂಗಡಿಗರೊಂದಿಗೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಪೆಸಿಫಿಕ್ ಮಹಾಸಾಗರವನ್ನು ವಿಮಾನದಲ್ಲಿ ದಾಟಿದ ಮೊದಲಿಗರೆಂದು ಇವರು ಪ್ರಸಿದ್ಧರಾಗಿದ್ದಾರೆ. ಹವಾಯಿ ಮತ್ತು ಫಿಜಿ ದ್ವೀಪಗಳಲ್ಲಿ ಇಳಿದು ಸಾಗಿದ ಈ ಹಾರಾಟವನ್ನು ಸಾಹಸವೆಂದು ವರ್ಣಿಸುವುದು ವಾಡಿಕೆ. ಆದರೆ ಅದರ ಯಶಸ್ಸಿನ ಬಹುಪಾಲು ತಿಂಗಳುಗಟ್ಟಲೆ ನಡೆದ ಪೂರ್ವಸಿದ್ಧತೆಗೆ ಸಲ್ಲಬೇಕು. ಭಾರತದ ಅಲಹಾಬಾದಿನಿಂದ ಸಿಂಗಾಪುರಕ್ಕೆ ಹೊರಟ ರಾತ್ರಿಯ ಹಾರಾಟದಲ್ಲಿ ಇವರು ಅಂಡಮಾನ್ ಸಮುದ್ರದ ಮೇಲೆ ಕಣ್ಮರೆಯಾದರು.

ಆರಂಭಿಕ ಜೀವನ

ಕಿಂಗ್ಸ್‌ಫರ್ಡ್ ಸ್ಮಿತ್ ಅವರು ಕ್ವೀನ್ಸ್‌ಲ್ಯಾಂಡ್ ಪ್ರಾಂತದ ಬ್ರಿಸ್ಬೇನ್ ನಗರದಲ್ಲಿ ಜನಿಸಿದರು. ತಂದೆ ವಿಲಿಯಂ ಚಾರ್ಲ್ಸ್ ಸ್ಮಿತ್ ಬ್ಯಾಂಕ್ ಉದ್ಯೋಗಿಯಾಗಿದ್ದರು. ತಾಯಿ ಕ್ಯಾಥರೀನ್ ಮೇರಿ ಕಿಂಗ್ಸ್‌ಫರ್ಡ್ ಮನೆತನದವರು. ೧೯೦೩ರಲ್ಲಿ ಕುಟುಂಬವು ಕೆನಡಾಕ್ಕೆ ವಲಸೆ ಹೋಯಿತು. ತಾಯಿಯ ಮನೆತನದ ಹೆಸರು ಇವರ ಹೆಸರಿಗೆ ಸೇರಿಕೊಂಡದ್ದು ಅಲ್ಲಿಯೇ. ೧೯೦೭ರಲ್ಲಿ ಸಿಡ್ನಿಗೆ ಮರಳಿದ ಹೊಸದರಲ್ಲಿ ಬಾಲಕ ಚಾರ್ಲ್ಸ್ ಬಾಂಡೈ ಕಡಲತೀರದಲ್ಲಿ ಅಲೆಗಳ ಸೆಳೆತಕ್ಕೆ ಸಿಕ್ಕಿ ಮುಳುಗುವುದರಲ್ಲಿದ್ದನು. ತೀರದಲ್ಲಿದ್ದ ಈಜುಗಾರರು ಅವನನ್ನು ಬದುಕಿಸಿದರು.

ತಾಂತ್ರಿಕ ಶಾಲೆಯಲ್ಲಿ ಓದಿದ ಬಳಿಕ ಹದಿನಾರನೆಯ ವಯಸ್ಸಿನಲ್ಲಿ ಸಕ್ಕರೆ ಕಂಪನಿಯೊಂದರಲ್ಲಿ ತರಬೇತಿಗೆ ಸೇರಿದರು. ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ೧೯೧೫ರಲ್ಲಿ ಸೈನ್ಯಕ್ಕೆ ಸೇರಿ, ಗ್ಯಾಲಿಪೊಲಿ, ಈಜಿಪ್ಟ್ ಮತ್ತು ಫ್ರಾನ್ಸಿನಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಸಂದೇಶ ಒಯ್ಯುವ ಸವಾರರಾಗಿ ದುಡಿದರು. ೧೯೧೭ರಲ್ಲಿ ಬ್ರಿಟನ್ನಿನ ರಾಯಲ್ ಫ್ಲೈಯಿಂಗ್ ಕೋರ್‌ಗೆ ವರ್ಗಗೊಂಡು ವಿಮಾನ ಚಾಲಕರಾದರು. ಅದೇ ವರ್ಷದ ಆಗಸ್ಟ್ ತಿಂಗಳಿನ ವಾಯುಕಾಳಗದಲ್ಲಿ ಗಾಯಗೊಂಡಾಗ ಎಡಪಾದದ ಒಂದು ಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಅವರಿಗೆ ಮಿಲಿಟರಿ ಕ್ರಾಸ್ ಪದಕವನ್ನು ನೀಡಲಾಯಿತು.

೧೯೧೯ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ನಡೆಯಲಿದ್ದ ವಿಮಾನ ಸ್ಪರ್ಧೆಗೆ ಸೇರಬಯಸಿದ ಇವರಿಗೆ, ದಿಕ್ಕು ದಾರಿಗಳ ಲೆಕ್ಕಾಚಾರದಲ್ಲಿ ಅನುಭವ ಸಾಲದೆಂಬ ಕಾರಣದಿಂದ ಅನುಮತಿ ದೊರೆಯಲಿಲ್ಲ. ಮುಂದಿನ ಜೀವನವನ್ನು ನೋಡಿದಾಗ ಇದು ಗಮನಿಸಬೇಕಾದ ಸಂಗತಿ. ಸ್ವತಃ ಅಪ್ರತಿಮ ಚಾಲಕರಾಗಿದ್ದ ಅವರು ಪೆಸಿಫಿಕ್ ದಾಟುವಾಗ ದಾರಿಯ ಲೆಕ್ಕವನ್ನು ಬೇರೆಯವರ ಕೈಗೆ ಒಪ್ಪಿಸಿದರು.

ಯುದ್ಧದ ನಂತರ ಕೆಲಕಾಲ ಪ್ರದರ್ಶನ ಹಾರಾಟಗಳನ್ನು ನಡೆಸಿ, ೧೯೨೧ರಲ್ಲಿ ವೆಸ್ಟರ್ನ್ ಆಸ್ಟ್ರೇಲಿಯನ್ ಏರ್‌ವೇಸ್ ಸಂಸ್ಥೆಯ ಚಾಲಕರಾದರು. ಸಹೋದ್ಯೋಗಿ ಕೀತ್ ಆಂಡರ್ಸನ್ ಅವರೊಂದಿಗೆ ಲಾರಿ ಸಾಗಾಣಿಕೆಯ ವ್ಯಾಪಾರವನ್ನೂ ನಡೆಸಿದರು. ೧೯೨೭ರಲ್ಲಿ ಚಾರ್ಲ್ಸ್ ಉಲ್ಮ್ ಅವರ ಜೊತೆಗೂಡಿ ಹತ್ತು ದಿನಗಳಲ್ಲಿ ಆಸ್ಟ್ರೇಲಿಯಾವನ್ನು ಸುತ್ತಿಬಂದುದು ಪೆಸಿಫಿಕ್ ಯೋಜನೆಗೆ ಹಣ ಕೇಳಲು ಬೇಕಾದ ಹೆಸರನ್ನು ತಂದುಕೊಟ್ಟಿತು.

ಪೆಸಿಫಿಕ್ ಹಾರಾಟದ ಸಿದ್ಧತೆ

ಅಮೆರಿಕದಿಂದ ಆಸ್ಟ್ರೇಲಿಯಾದವರೆಗಿನ ದೂರವನ್ನು ಒಂದೇ ಹಾರಾಟದಲ್ಲಿ ಕ್ರಮಿಸಬಲ್ಲ ವಿಮಾನ ಆಗ ಇರಲಿಲ್ಲ. ನಡುವೆ ಹವಾಯಿ ಮತ್ತು ಫಿಜಿಗಳಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳುವುದೊಂದೇ ದಾರಿಯಾಗಿತ್ತು. ಖಂಡವನ್ನು ಹುಡುಕಿಕೊಂಡು ಹೋಗುವುದಕ್ಕೂ ದ್ವೀಪವನ್ನು ಹುಡುಕಿಕೊಂಡು ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಓಕ್‌ಲ್ಯಾಂಡಿನಿಂದ ಹವಾಯಿಗೆ ಸುಮಾರು ೩,೮೭೦ ಕಿಲೋಮೀಟರ್ ದೂರ. ದಿಕ್ಕಿನಲ್ಲಿ ಕೇವಲ ಒಂದು ಡಿಗ್ರಿ ತಪ್ಪು ಉಳಿದುಹೋದರೂ ಅಷ್ಟು ದೂರ ಸಾಗಿದ ಮೇಲೆ ವಿಮಾನವು ಗುರಿಯಿಂದ ಸುಮಾರು ೬೭ ಕಿಲೋಮೀಟರ್ ಆಚೆಗಿರುತ್ತದೆ. ಗಾಳಿಯ ಸೆಳೆತ ಇದಕ್ಕೆ ಸೇರಿದರೆ ತಪ್ಪು ಇನ್ನೂ ದೊಡ್ಡದಾಗುತ್ತದೆ, ಮತ್ತು ಆಗ ಹುಡುಕಾಡಲು ಟ್ಯಾಂಕಿನಲ್ಲಿ ಹೆಚ್ಚು ಪೆಟ್ರೋಲು ಉಳಿದಿರುವುದಿಲ್ಲ.

೧೯೨೭ನೆಯ ವರ್ಷವು ಈ ಮಾರ್ಗದ ಎರಡೂ ಮುಖಗಳನ್ನು ತೋರಿಸಿತ್ತು. ಜೂನ್ ತಿಂಗಳಿನಲ್ಲಿ ಅಮೆರಿಕ ಸೈನ್ಯದ ಮೈಟ್‌ಲ್ಯಾಂಡ್ ಮತ್ತು ಹೆಗೆನ್‌ಬರ್ಗರ್ ಮೂರು ಎಂಜಿನ್ನಿನ ಫೋಕರ್ ವಿಮಾನದಲ್ಲಿ ಹವಾಯಿ ತಲುಪಿದ್ದರು. ಆಗಸ್ಟ್‌ನಲ್ಲಿ ಬಹುಮಾನದ ಆಸೆಗೆ ಏರ್ಪಟ್ಟ ಡೋಲ್ ಸ್ಪರ್ಧೆಯಲ್ಲಿ ಎರಡು ವಿಮಾನಗಳಷ್ಟೇ ದ್ವೀಪ ಮುಟ್ಟಿದವು. ಎರಡು ಸಮುದ್ರದ ಮೇಲೆ ಕಾಣೆಯಾದವು. ಅವುಗಳನ್ನು ಹುಡುಕಲು ಹೋದ ಇನ್ನೊಂದೂ ಮರಳಲಿಲ್ಲ.

ಈ ಹಿನ್ನೆಲೆಯಲ್ಲಿ ಕಿಂಗ್ಸ್‌ಫರ್ಡ್ ಸ್ಮಿತ್, ಉಲ್ಮ್ ಮತ್ತು ಆಂಡರ್ಸನ್ ಅಮೆರಿಕಕ್ಕೆ ಹೋದರು. ಧ್ರುವಪ್ರದೇಶದ ಅನ್ವೇಷಕ ಹ್ಯೂಬರ್ಟ್ ವಿಲ್ಕಿನ್ಸ್ ಅವರಿಂದ ಎಂಜಿನ್ನುಗಳೂ ಉಪಕರಣಗಳೂ ಇಲ್ಲದ ಫೋಕರ್ ವಿಮಾನವೊಂದನ್ನು ಕೊಂಡು, ಅದಕ್ಕೆ ಮೂರು ರೈಟ್ ವರ್ಲ್‌ವಿಂಡ್ ಎಂಜಿನ್ನುಗಳನ್ನು ಜೋಡಿಸಿ, ಸದರ್ನ್ ಕ್ರಾಸ್ ಎಂದು ಹೆಸರಿಟ್ಟರು. ಇಂದಿನ ಪ್ರಯಾಣಿಕ ವಿಮಾನಗಳ ಪಕ್ಕದಲ್ಲಿ ಇದು ಚಿಕ್ಕದು: ರೆಕ್ಕೆಗಳ ಹರವು ಸುಮಾರು ೨೨ ಮೀಟರ್, ಸಾಗುವ ವೇಗ ಗಂಟೆಗೆ ೧೪೦ ಕಿಲೋಮೀಟರಿನ ಆಸುಪಾಸು. ಅದರ ಒಡಲಿನ ನಡುಭಾಗವನ್ನು ಇಂಧನದ ಟ್ಯಾಂಕೇ ಆಕ್ರಮಿಸಿತ್ತು.

ಹಣದ ತೊಂದರೆ ಕೊನೆಯವರೆಗೂ ಬಿಡಲಿಲ್ಲ. ನ್ಯೂ ಸೌತ್ ವೇಲ್ಸಿನ ಸರ್ಕಾರ ಬದಲಾದ ಮೇಲೆ ಹೊಸ ಸರ್ಕಾರವು ನೆರವನ್ನು ಹಿಂತೆಗೆದುಕೊಂಡಿತು. ೧೯೨೮ರ ಜನವರಿಯಲ್ಲಿ ಹೆಚ್ಚು ಹೊತ್ತು ಆಕಾಶದಲ್ಲಿರುವ ವಿಶ್ವದಾಖಲೆಗಾಗಿ ನಡೆಸಿದ ಪ್ರಯತ್ನಗಳು ಸುಮಾರು ೫೦ ಗಂಟೆಗಳ ಬಳಿ ಬಂದು ನಿಂತವು. ದಾಖಲೆ ಸಿಗದಿದ್ದರೂ, ಭಾರವಾದ ವಿಮಾನವನ್ನು ನೆಲದಿಂದ ಎಬ್ಬಿಸುವ ಅಭ್ಯಾಸ ಇದರಿಂದ ದೊರೆಯಿತು. ಕೈ ಬರಿದಾದ ಆಂಡರ್ಸನ್ ತಾಯ್ನಾಡಿಗೆ ಹಿಂದಿರುಗಿದರು. ವಿಮಾನವನ್ನು ಮಾರಿಬಿಡುವ ಹಂತದಲ್ಲಿ ಕ್ಯಾಲಿಫೋರ್ನಿಯಾದ ತೈಲೋದ್ಯಮಿ ಜಾರ್ಜ್ ಅಲನ್ ಹ್ಯಾನ್‌ಕಾಕ್ ಅದನ್ನು ಕೊಂಡು, ಹಾರಾಟಕ್ಕೆ ಬಿಟ್ಟುಕೊಟ್ಟರು.

ತಂಡದ ಆಯ್ಕೆ ಈ ಸಿದ್ಧತೆಯ ಅತ್ಯಂತ ವಿವೇಕದ ಭಾಗವೆನ್ನಬಹುದು. ಕಿಂಗ್ಸ್‌ಫರ್ಡ್ ಸ್ಮಿತ್ ಮತ್ತು ಉಲ್ಮ್ ಚಾಲಕರ ಆಸನದಲ್ಲಿದ್ದರು. ದಾರಿಯ ಲೆಕ್ಕಕ್ಕೆ ಹಡಗಿನ ಅಧಿಕಾರಿಯಾಗಿದ್ದ ಅಮೆರಿಕದ ಹ್ಯಾರಿ ಲಯನ್, ರೇಡಿಯೊ ಕೆಲಸಕ್ಕೆ ನೌಕಾಪಡೆಯ ಅನುಭವವಿದ್ದ ಜೇಮ್ಸ್ ವಾರ್ನರ್ ನೇಮಕಗೊಂಡರು. ಇಬ್ಬರು ಹೆಚ್ಚುವರಿ ಮನುಷ್ಯರೆಂದರೆ ಅಷ್ಟು ತೂಕದ ಇಂಧನವನ್ನು ಬಿಟ್ಟುಕೊಟ್ಟಂತೆ. ಆದರೂ ಆ ತೂಕವನ್ನು ಹೊರುವುದೇ ಸರಿಯೆಂದು ತೀರ್ಮಾನಿಸಲಾಯಿತು. ಹಲವು ದಿಕ್ಸೂಚಿಗಳನ್ನೂ ರೇಡಿಯೊ ಉಪಕರಣಗಳನ್ನೂ ಅಳವಡಿಸಲಾಯಿತು. ಮೊದಲ ಹಂತದಲ್ಲಿ ಅಮೆರಿಕ ಸೈನ್ಯದ ರೇಡಿಯೊ ದಾರಿಸಂಕೇತಗಳೂ ಲಭ್ಯವಿದ್ದವು.

ದ್ವೀಪದಿಂದ ದ್ವೀಪಕ್ಕೆ

೧೯೨೮ರ ಮೇ ೩೧ರ ಬೆಳಿಗ್ಗೆ ೮ ಗಂಟೆ ೫೪ ನಿಮಿಷಕ್ಕೆ ಸದರ್ನ್ ಕ್ರಾಸ್ ಓಕ್‌ಲ್ಯಾಂಡಿನಿಂದ ಮೇಲೆದ್ದಿತು. ಎಂಜಿನ್ನುಗಳ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ಚಾಲಕರಿಗೂ ಹಿಂದೆ ಕುಳಿತವರಿಗೂ ನಡುವೆ ಟ್ಯಾಂಕ್ ಅಡ್ಡವಾಗಿದ್ದುದರಿಂದ, ಬರೆದ ಚೀಟಿಗಳನ್ನು ಕೋಲಿನ ತುದಿಗೆ ಸಿಕ್ಕಿಸಿ ಮುಂದಕ್ಕೂ ಹಿಂದಕ್ಕೂ ದಾಟಿಸುತ್ತಿದ್ದರು. ೨೭ ಗಂಟೆ ೨೫ ನಿಮಿಷಗಳ ನಂತರ ಹವಾಯಿಯ ವೀಲರ್ ಫೀಲ್ಡ್‌ನಲ್ಲಿ ಇಳಿದರು.

ಮುಂದಿನ ಹಂತ ಇದಕ್ಕಿಂತ ಕಠಿಣವಾಗಿತ್ತು. ಫಿಜಿಯ ಸುವಾ ಪಟ್ಟಣಕ್ಕೆ ೫,೦೦೦ ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿಯವರೆಗೆ ಯಾರೂ ನೀರಿನ ಮೇಲೆ ನಿಲ್ಲದೆ ಅಷ್ಟು ದೂರ ಹಾರಿರಲಿಲ್ಲ. ಪೂರ್ತಿ ಇಂಧನ ತುಂಬಿದ ವಿಮಾನ ಮೇಲೇಳಲು ವೀಲರ್ ಫೀಲ್ಡ್ ಸಾಲದಾದ್ದರಿಂದ, ಕವಾಯಿ ದ್ವೀಪದ ಬಾರ್ಕಿಂಗ್ ಸ್ಯಾಂಡ್ಸ್ ಕಡಲತೀರದಲ್ಲಿ ಓಡುದಾರಿ ಸಿದ್ಧಪಡಿಸಿ, ಜೂನ್ ೩ರ ನಸುಕಿನಲ್ಲಿ ಅಲ್ಲಿಂದ ಹೊರಟರು. ಸಮಭಾಜಕ ವೃತ್ತದ ಬಳಿ ಮಳೆ, ಬಿರುಗಾಳಿ. ಮೋಡಗಳನ್ನು ತಪ್ಪಿಸಲು ಮೇಲೇರಿದಾಗಲೆಲ್ಲ ಇಂಧನ ಹೆಚ್ಚು ಸುಡುತ್ತಿತ್ತು. ೩೪ ಗಂಟೆ ೩೦ ನಿಮಿಷಗಳ ಹಾರಾಟದ ನಂತರ, ಅಂತರರಾಷ್ಟ್ರೀಯ ದಿನಾಂಕ ರೇಖೆಯನ್ನು ದಾಟಿದ ಕಾರಣ ಸ್ಥಳೀಯ ಲೆಕ್ಕದಲ್ಲಿ ಜೂನ್ ೫ರಂದು, ಸುವಾ ತಲುಪಿದರು.

ಸುವಾದಲ್ಲಿ ವಿಮಾನ ನಿಲ್ದಾಣವಿರಲಿಲ್ಲ. ಆಲ್ಬರ್ಟ್ ಪಾರ್ಕ್ ಎಂಬ ಆಟದ ಮೈದಾನದ ಸುತ್ತಲಿನ ಮರಗಳನ್ನು ಕಡಿದು ಇಳಿಯಲು ಜಾಗ ಮಾಡಲಾಗಿತ್ತು. ಆ ಇಕ್ಕಟ್ಟಿನಲ್ಲಿ ಕಿಂಗ್ಸ್‌ಫರ್ಡ್ ಸ್ಮಿತ್ ವಿಮಾನವನ್ನು ಮೈದಾನದ ಅಂಚಿನಲ್ಲಿ ಗಕ್ಕನೆ ತಿರುಗಿಸಿ ನಿಲ್ಲಿಸಿದರು. ಅಲ್ಲಿಂದ ತುಂಬಿದ ಟ್ಯಾಂಕಿನೊಂದಿಗೆ ಏಳುವುದು ಅಸಾಧ್ಯವಾದ್ದರಿಂದ ಹಗುರವಾದ ವಿಮಾನವನ್ನು ನಸೆಲಾಯಿ ಕಡಲತೀರಕ್ಕೆ ಒಯ್ದು, ಇಂಧನವನ್ನೂ ಅಲ್ಲಿಗೇ ಸಾಗಿಸಲಾಯಿತು. ದ್ವೀಪದಲ್ಲಿ ಇಳಿಯುವುದಕ್ಕೆ ಒಂದು ಜಾಗ, ಅಲ್ಲಿಂದ ಏಳುವುದಕ್ಕೆ ಇನ್ನೊಂದು ಜಾಗ ಎಂಬ ಈ ಏರ್ಪಾಡು ಎರಡೂ ಕಡೆ ಅಗತ್ಯವಾಯಿತು.

ಜೂನ್ ೮ರಂದು ಹೊರಟು, ಇಡೀ ರಾತ್ರಿ ಬಿರುಗಾಳಿಯಲ್ಲಿ ಸಾಗಿ, ಮರುದಿನ ಬೆಳಿಗ್ಗೆ ಬ್ರಿಸ್ಬೇನ್‌ನ ಈಗಲ್ ಫಾರ್ಮ್‌ನಲ್ಲಿ ಇಳಿದರು. ಈ ಹಂತದಲ್ಲಿ ಮುಖ್ಯ ದಿಕ್ಸೂಚಿಯೊಂದು ಕೆಟ್ಟುಹೋಗಿ, ಅವರಿಗೆ ಆಸ್ಟ್ರೇಲಿಯಾದ ತೀರ ಕಾಣಿಸಿದ್ದು ಬ್ರಿಸ್ಬೇನ್‌ನಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಕ್ಷಿಣದಲ್ಲಿರುವ ಬ್ಯಾಲಿನಾ ಪಟ್ಟಣದ ಬಳಿ. ಮುಂದೆ ಇದ್ದದ್ದು ಖಂಡವಾದ್ದರಿಂದ ತೀರವನ್ನು ಹಿಡಿದು ಉತ್ತರಕ್ಕೆ ಹೋದರೆ ಸಾಕಾಯಿತು. ಹವಾಯಿ ಅಥವಾ ಫಿಜಿಯ ಹಾದಿಯಲ್ಲಿ ಇಷ್ಟೇ ತಪ್ಪು ನಡೆದಿದ್ದರೆ ನಾಲ್ವರೂ ಉಳಿಯುವುದು ಕಷ್ಟವಿತ್ತು. ಒಟ್ಟು ಹಾರಾಟದ ಅವಧಿ ಸುಮಾರು ೮೩ ಗಂಟೆಗಳು. ಬ್ರಿಸ್ಬೇನ್‌ನಲ್ಲಿ ಅವರನ್ನು ಎದುರುಗೊಳ್ಳಲು ಅಪಾರ ಜನಸ್ತೋಮ ಸೇರಿತ್ತು. ಹ್ಯಾನ್‌ಕಾಕ್ ಅವರು ಸಾಲವನ್ನು ಮನ್ನಾ ಮಾಡಿ, ವಿಮಾನವನ್ನು ಕಿಂಗ್ಸ್‌ಫರ್ಡ್ ಸ್ಮಿತ್ ಮತ್ತು ಉಲ್ಮ್ ಅವರಿಗೇ ಕೊಟ್ಟುಬಿಟ್ಟರು.

ಅದೇ ಸೆಪ್ಟೆಂಬರ್‌ನಲ್ಲಿ ಇದೇ ವಿಮಾನದಲ್ಲಿ, ಮತ್ತೆ ನಾಲ್ವರ ತಂಡದೊಂದಿಗೆ, ಟಾಸ್ಮನ್ ಸಮುದ್ರವನ್ನು ದಾಟಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ತಲುಪಿದರು.

ಕಾಫಿ ರಾಯಲ್ ಪ್ರಕರಣ

೧೯೨೯ರ ಮಾರ್ಚ್ ೩೧ರಂದು ಸದರ್ನ್ ಕ್ರಾಸ್ ಸಿಡ್ನಿಯಿಂದ ಇಂಗ್ಲೆಂಡಿನ ಕಡೆಗೆ ಹೊರಟಿತು. ಹೊರಟ ಸ್ವಲ್ಪ ಹೊತ್ತಿನಲ್ಲೇ ರೇಡಿಯೊದ ಉದ್ದನೆಯ ಏರಿಯಲ್ ಕಳೆದುಹೋದುದರಿಂದ, ಮುಂದೆ ಹವಾಮಾನ ಕೆಟ್ಟಿದೆ ಎಂಬ ಎಚ್ಚರಿಕೆ ತಂಡಕ್ಕೆ ತಲುಪಲಿಲ್ಲ. ದಾರಿ ತಪ್ಪಿ ಅವರು ವಾಯವ್ಯ ಆಸ್ಟ್ರೇಲಿಯಾದ ಗ್ಲೆನೆಲ್ಗ್ ನದಿಯ ಸಮೀಪ ಕೆಸರಿನ ಬಯಲಿನಲ್ಲಿ ಇಳಿಯಬೇಕಾಯಿತು. ತಮ್ಮಲ್ಲಿದ್ದ ಕಾಫಿ ಮತ್ತು ಬ್ರಾಂದಿಯಿಂದ ಆ ಜಾಗಕ್ಕೆ ಕಾಫಿ ರಾಯಲ್ ಎಂಬ ಹೆಸರಿಟ್ಟರು. ಏಪ್ರಿಲ್ ೧೨ರಂದು ಅವರು ಪತ್ತೆಯಾದರು.

ದುರಂತ ನಡೆದದ್ದು ಬೇರೆಡೆ. ಪೆಸಿಫಿಕ್ ಯೋಜನೆಯಿಂದ ಹೊರಗುಳಿದು, ತಮ್ಮ ಪಾಲಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದ ಕೀತ್ ಆಂಡರ್ಸನ್, ಹಳೆಯ ಮುನಿಸನ್ನು ಬದಿಗಿಟ್ಟು ಮೆಕ್ಯಾನಿಕ್ ಬಾಬ್ ಹಿಚ್‌ಕಾಕ್ ಅವರೊಂದಿಗೆ ಹುಡುಕಾಟಕ್ಕೆ ಹೊರಟಿದ್ದರು. ಅವರ ಪುಟ್ಟ ವಿಮಾನ ಕೂಕಬರಾ ಟನಾಮಿ ಮರುಭೂಮಿಯಲ್ಲಿ ಇಳಿದು ಮತ್ತೆ ಏಳಲಾಗದೆ ಇಬ್ಬರೂ ಬಾಯಾರಿ ಮಡಿದರು. ಪ್ರಚಾರಕ್ಕಾಗಿ ಕಿಂಗ್ಸ್‌ಫರ್ಡ್ ಸ್ಮಿತ್ ಬೇಕೆಂದೇ ಕಾಣೆಯಾದರೆಂಬ ಆರೋಪವನ್ನು ವಿಚಾರಣಾ ಸಮಿತಿಯು ತಳ್ಳಿಹಾಕಿತು. ಆದರೂ ಆ ಅಪವಾದ ಜನರ ಬಾಯಲ್ಲಿ ಬಹುಕಾಲ ಉಳಿಯಿತು.

ನಂತರದ ವರ್ಷಗಳು

೧೯೩೦ರ ಜೂನ್‌ನಲ್ಲಿ ಐರ್ಲೆಂಡಿನ ಪೋರ್ಟ್‌ಮಾರ್ನಾಕ್‌ನಿಂದ ಅಟ್ಲಾಂಟಿಕ್ ಸಾಗರವನ್ನು ದಾಟಿ, ಜುಲೈ ೪ರಂದು ಓಕ್‌ಲ್ಯಾಂಡ್ ತಲುಪಿ ವಿಶ್ವಪರ್ಯಟನೆಯನ್ನು ಪೂರ್ಣಗೊಳಿಸಿದರು. ಅದೇ ವರ್ಷ ಮೇರಿ ಪೊವೆಲ್ ಅವರನ್ನು ವಿವಾಹವಾದರು. ಇದು ಅವರ ಎರಡನೆಯ ಮದುವೆ. ಉಲ್ಮ್ ಅವರೊಂದಿಗೆ ಕಟ್ಟಿದ ಆಸ್ಟ್ರೇಲಿಯನ್ ನ್ಯಾಷನಲ್ ಏರ್‌ವೇಸ್ ಸಂಸ್ಥೆಯ ಸದರ್ನ್ ಕ್ಲೌಡ್ ವಿಮಾನವು ೧೯೩೧ರ ಮಾರ್ಚ್‌ನಲ್ಲಿ ಪ್ರಯಾಣಿಕರ ಸಮೇತ ಕಾಣೆಯಾಯಿತು; ಸಂಸ್ಥೆಯೂ ಉಳಿಯಲಿಲ್ಲ. ೧೯೩೨ರಲ್ಲಿ ನೈಟ್ ಪದವಿ ದೊರೆಯಿತು.

೧೯೩೪ರಲ್ಲಿ ಪಿ. ಜಿ. ಟೇಲರ್ ಅವರೊಂದಿಗೆ ಒಂದೇ ಎಂಜಿನ್ನಿನ ಲಾಕ್‌ಹೀಡ್ ಆಲ್ಟೇರ್ ವಿಮಾನ ಲೇಡಿ ಸದರ್ನ್ ಕ್ರಾಸ್‌ನಲ್ಲಿ ಪೆಸಿಫಿಕ್ ಸಾಗರವನ್ನು ಪೂರ್ವಾಭಿಮುಖವಾಗಿ ದಾಟಿದರು. ಇಲ್ಲಿಯೂ ನಿಲುಗಡೆಗಳು ಫಿಜಿ ಮತ್ತು ಹವಾಯಿ. ಇದಾದ ಒಂದು ತಿಂಗಳಿಗೆ ಹಳೆಯ ಜೊತೆಗಾರ ಉಲ್ಮ್ ಮತ್ತಿಬ್ಬರೊಂದಿಗೆ ಓಕ್‌ಲ್ಯಾಂಡಿನಿಂದ ಹವಾಯಿಗೆ ಹೊರಟು ದ್ವೀಪವನ್ನು ಕಾಣದೆ, ಇಂಧನ ಮುಗಿದು ಸಮುದ್ರದ ಪಾಲಾದರು. ತೂಕ ಉಳಿಸಲು ಅವರು ಜೀವರಕ್ಷಕ ತೆಪ್ಪವನ್ನು ಒಯ್ದಿರಲಿಲ್ಲ.

೧೯೩೫ರ ಮೇ ೧೫ರಂದು ನ್ಯೂಜಿಲೆಂಡಿಗೆ ಅಂಚೆ ಒಯ್ಯುತ್ತಿದ್ದ ಸದರ್ನ್ ಕ್ರಾಸ್‌ನ ಪ್ರೊಪೆಲರ್ ಮುರಿದು ಒಂದು ಎಂಜಿನ್ ನಿಂತಿತು. ಇನ್ನೊಂದರಲ್ಲಿ ಎಣ್ಣೆ ಬತ್ತತೊಡಗಿತು. ಟೇಲರ್ ಹಾರುತ್ತಿರುವ ವಿಮಾನದ ಹೊರಗೆ ರೆಕ್ಕೆಯ ಆಧಾರದ ಕಂಬಿಯ ಮೇಲೆ ನಡೆದುಹೋಗಿ, ನಿಂತ ಎಂಜಿನ್ನಿನ ಎಣ್ಣೆಯನ್ನು ಥರ್ಮಾಸ್ ಪಾತ್ರೆಯಲ್ಲಿ ಹಿಡಿದು ತಂದು, ನಡೆಯುತ್ತಿದ್ದ ಎಂಜಿನ್ನಿಗೆ ಮತ್ತೆ ಮತ್ತೆ ಸುರಿದರು. ಅಂಚೆಯ ಮೂಟೆಗಳನ್ನು ಸಮುದ್ರಕ್ಕೆ ಎಸೆದು ಸಿಡ್ನಿಗೆ ಮರಳಿದರು.

ಕಣ್ಮರೆ

೧೯೩೫ರ ನವೆಂಬರ್ ೬ರಂದು ಕಿಂಗ್ಸ್‌ಫರ್ಡ್ ಸ್ಮಿತ್ ಮತ್ತು ಟಾಮಿ ಪೆಥಿಬ್ರಿಜ್ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ವೇಗದ ದಾಖಲೆಗಾಗಿ ಲೇಡಿ ಸದರ್ನ್ ಕ್ರಾಸ್‌ನಲ್ಲಿ ಹೊರಟರು. ಅಲಹಾಬಾದಿನಿಂದ ಸಿಂಗಾಪುರದ ಕಡೆಗೆ ಹೊರಟ ವಿಮಾನ ನವೆಂಬರ್ ೮ರ ನಸುಕಿನಲ್ಲಿ ಕಾಣೆಯಾಯಿತು. ೧೯೨೮ರಲ್ಲಿದ್ದಂತೆ ದಾರಿಯ ಲೆಕ್ಕಕ್ಕಾಗಲೀ ರೇಡಿಯೊಗಾಗಲೀ ಪ್ರತ್ಯೇಕ ವ್ಯಕ್ತಿಗಳು ಈ ಎರಡು ಆಸನದ ವಿಮಾನದಲ್ಲಿರಲಿಲ್ಲ. ಸುಮಾರು ಹದಿನೆಂಟು ತಿಂಗಳ ಬಳಿಕ ಬರ್ಮಾದ ಆಗ್ನೇಯ ತೀರದ ಐ ಎಂಬ ಪುಟ್ಟ ದ್ವೀಪದ ಬಳಿ ಮೀನುಗಾರರಿಗೆ ವಿಮಾನದ ಚಕ್ರದ ಕಾಲೊಂದು ಸಿಕ್ಕಿತು. ಟೈರಿನಲ್ಲಿ ಇನ್ನೂ ಗಾಳಿ ಇತ್ತು. ಅದು ಲೇಡಿ ಸದರ್ನ್ ಕ್ರಾಸ್‌ನದೇ ಎಂದು ಲಾಕ್‌ಹೀಡ್ ಸಂಸ್ಥೆ ದೃಢಪಡಿಸಿತು. ಇಬ್ಬರ ದೇಹಗಳೂ ದೊರೆಯಲಿಲ್ಲ. ಆಗ ಕಿಂಗ್ಸ್‌ಫರ್ಡ್ ಸ್ಮಿತ್ ಅವರಿಗೆ ೩೮ ವರ್ಷ.

ಸ್ಮರಣೆ

ಸಿಡ್ನಿಯ ಮುಖ್ಯ ವಿಮಾನ ನಿಲ್ದಾಣಕ್ಕೆ ಇವರ ಹೆಸರನ್ನು ಇಡಲಾಗಿದೆ. ೧೯೬೬ರಲ್ಲಿ ಚಲಾವಣೆಗೆ ಬಂದ ಆಸ್ಟ್ರೇಲಿಯಾದ ೨೦ ಡಾಲರ್ ಕಾಗದದ ನೋಟಿನ ಮೇಲೆ ಇವರ ಭಾವಚಿತ್ರವಿತ್ತು. ೧೯೩೫ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಕೊಂಡುಕೊಂಡ ಸದರ್ನ್ ಕ್ರಾಸ್ ವಿಮಾನವನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದ ಸಮೀಪ ಸಾರ್ವಜನಿಕರ ವೀಕ್ಷಣೆಗಾಗಿ ಇರಿಸಲಾಗಿದೆ.