ಚನ್ನಗಿರಿಯ ಧೋಂಡಿಯಾ ವಾಘ್

ಚನ್ನಗಿರಿಯ ಬೆಟ್ಟದ ಮೇಲೆ ಹಳೆಯ ಕೋಟೆಯೊಂದಿದೆ. ಅದರೊಳಗೆ ರಂಗನಾಥನ ಗುಡಿ. ಊರಿನ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯದು. ಆ ಊರಿಗೆ ಹೋದವರು ಕೋಟೆಯನ್ನು ನೋಡುತ್ತಾರೆ, ರಾಣಿಯನ್ನು ನೆನೆಯುತ್ತಾರೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯೇ ಹುಟ್ಟಿ, ಮುಂದೆ ನೆಪೋಲಿಯನ್ನನನ್ನು ಸೋಲಿಸಲಿದ್ದ ಸೇನಾನಿಯನ್ನು ತಿಂಗಳುಗಟ್ಟಲೆ ಓಡಾಡಿಸಿದ ಒಬ್ಬ ಕುದುರೆ ಸವಾರನನ್ನು ನೆನೆಯುವವರು ವಿರಳ. ಆತನೇ ಧೋಂಡಿಯಾ ವಾಘ್. ಮರಾಠರ ಪವಾರ ಮನೆತನದವನು. ವಾಘ್ ಎಂದರೆ ಹುಲಿ.

ಯೂರೋಪಿನ ಇತಿಹಾಸವನ್ನು ಓದುವಾಗ ನಮಗೆಲ್ಲರಿಗೂ ಒಂದು ಬೇಸರ ಬರುವುದುಂಟು. ೧೭೯೩ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಹತ್ತಿದ ಯುದ್ಧವು, ನಡುವೆ ಒಂದು ವರ್ಷದಷ್ಟು ಕಾಲ ತಣ್ಣಗಿದ್ದುದನ್ನು ಬಿಟ್ಟರೆ, ೧೮೧೫ರವರೆಗೆ ನಡೆಯಿತು. ಫ್ರಾನ್ಸಿನ ಮೇಲೆ ಒಂದರ ಬೆನ್ನಿಗೊಂದರಂತೆ ಏಳು ಮೈತ್ರಿಕೂಟಗಳು ಎದ್ದವು. ಆಸ್ಟ್ರಿಯಾ, ರಷ್ಯಾ, ಪ್ರಷ್ಯಾ, ತುರ್ಕಿ, ಸ್ಪೇನು, ಹಾಲೆಂಡು ಎಂದು ಹೆಸರುಗಳನ್ನು ಬಾಯಿಪಾಠ ಮಾಡುತ್ತೇವೆ. ಇವುಗಳಿಗೂ ಹೊನ್ನಾಳಿಯ ಹೊಳೆದಂಡೆಗೂ ಏನು ಸಂಬಂಧವೆಂದು ಕೇಳಿದರೆ, ಧೋಂಡಿಯಾನ ಬಾಳೇ ಅದಕ್ಕೆ ಉತ್ತರವಾಗಿದೆ.

೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದಾಗ ಚನ್ನಗಿರಿಯ ಸೀಮೆಯೂ ಮೈಸೂರಿನ ಆಳ್ವಿಕೆಗೆ ಬಂದಿತು. ಮುಂದೆ ಸುಮಾರು ೧೭೮೦ರ ವೇಳೆಗೆ ಧೋಂಡಿಯಾ ಹೈದರನ ಕುದುರೆಪಡೆಯನ್ನು ಸೇರಿದನು. ಆ ವರ್ಷದ ಯುದ್ಧಕ್ಕೆ ಕಾರಣವನ್ನು ಹುಡುಕಿಕೊಂಡು ಹೋದರೆ ನಾವು ಅಮೆರಿಕೆಯನ್ನು ಮುಟ್ಟುತ್ತೇವೆ. ಇಂಗ್ಲೆಂಡಿನ ವಿರುದ್ಧ ದಂಗೆಯೆದ್ದ ಅಮೆರಿಕೆಯ ವಸಾಹತುಗಳೊಡನೆ ೧೭೭೮ರಲ್ಲಿ ಫ್ರಾನ್ಸು ಕೈಜೋಡಿಸಿತು. ಆ ಹಗೆಯ ಫಲವಾಗಿ ೧೭೭೯ರಲ್ಲಿ ಇಂಗ್ಲಿಷರು ಮಲಬಾರಿನಲ್ಲಿದ್ದ ಫ್ರೆಂಚರ ಮಾಹೆಯನ್ನು ಹಿಡಿದರು. ಹೈದರನಿಗೆ ಮದ್ದುಗುಂಡುಗಳು ಬರುತ್ತಿದ್ದ ರೇವು ಅದು. ಅದರ ರಕ್ಷಣೆ ತನ್ನದೆಂದು ಆತನು ಸಾರಿದ್ದನು. ಮರುವರ್ಷ ಆತನ ದಂಡು ಘಟ್ಟವಿಳಿದು ಕರ್ನಾಟಿಕ್ ಸೀಮೆಗೆ ನುಗ್ಗಿತು. ೧೭೮೩ರಲ್ಲಿ ಯೂರೋಪಿನಲ್ಲಿ ಸಂಧಿಯ ಸುದ್ದಿ ಹುಟ್ಟಿದೊಡನೆ ಫ್ರೆಂಚರು ಮಂಗಳೂರಿನ ಮುತ್ತಿಗೆಯಿಂದ ಹಿಂದೆ ಸರಿದರು. ಮಿತ್ರನನ್ನು ನಡುನೀರಿನಲ್ಲಿ ಕೈಬಿಟ್ಟುದು ಟೀಪುವಿನ ಮನಸ್ಸಿಗೆ ನಾಟಿತು. ಆದರೂ ಆತನಿಗೆ ಬೇರೆ ಮಿತ್ರರಿರಲಿಲ್ಲ.

೧೭೯೦ರಲ್ಲಿ ಕಂಪನಿ, ಹೈದರಾಬಾದಿನ ನಿಜಾಮ, ಪುಣೆಯ ಪೇಶ್ವೆ ಮೂವರೂ ಟೀಪುವಿನ ಮೇಲೆ ಒಂದಾದರು. ಆ ಯುದ್ಧದ ಗೊಂದಲದಲ್ಲಿ ಧೋಂಡಿಯಾ ಕೈಗೆ ಸಿಕ್ಕಿದ ಕೊಳ್ಳೆಯೊಡನೆ ಮೈಸೂರನ್ನು ಬಿಟ್ಟು ಲಕ್ಷ್ಮೇಶ್ವರದ ಕಡೆಗೆ ಹೋದನು. ೧೭೯೨ರ ಒಪ್ಪಂದದಲ್ಲಿ ಟೀಪು ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒಪ್ಪಿಸಬೇಕಾಯಿತು. ಇತ್ತ ಧೋಂಡಿಯಾ ಹಾವೇರಿ, ಸವಣೂರುಗಳ ಕಡೆ ತನ್ನದೇ ಒಂದು ಗುಂಪನ್ನು ಕಟ್ಟಿಕೊಂಡು ಹಳ್ಳಿಗಳಿಂದ ಹಣ ಎತ್ತತೊಡಗಿದನು. ಮರಾಠರು ದಂಡು ಕಳಿಸಿದರು. ನೆಲೆ ತಪ್ಪಿ ೧೭೯೪ರಲ್ಲಿ ಆತನು ಮರಳಿ ಟೀಪುವಿನ ಆಶ್ರಯಕ್ಕೆ ಬಂದನು. ಅಲ್ಲಿ ಆತನನ್ನು ಮುಸಲ್ಮಾನನನ್ನಾಗಿ ಮಾಡಲಾಯಿತು. ಮಲಿಕ್ ಜಹಾನ್ ಖಾನ್ ಎಂಬ ಹೆಸರೂ ಆತನಿಗೆ ಸೇರಿತು. ಸ್ವಲ್ಪ ಕಾಲದಲ್ಲಿಯೇ ಅರಸನ ಸಂಶಯಕ್ಕೆ ಗುರಿಯಾಗಿ ಶ್ರೀರಂಗಪಟ್ಟಣದ ಸೆರೆಯಲ್ಲಿ ಬಿದ್ದನು.

ಆತನು ಸೆರೆಯಲ್ಲಿದ್ದಾಗಲೇ ಹೊರಗೆ ಲೋಕವೆಲ್ಲ ಎರಡು ಪಾಳೆಯವಾಗುತ್ತಿದ್ದಿತು. ೧೭೯೮ರ ಏಪ್ರಿಲ್‌ನಲ್ಲಿ ಮಾರಿಷಸ್ ದ್ವೀಪದಿಂದ ಸುಮಾರು ನೂರು ಮಂದಿ ಫ್ರೆಂಚರು ಮಂಗಳೂರಿಗೆ ಬಂದಿಳಿದರು. ಟೀಪು ಬಯಸಿದುದು ಸಾವಿರಾರು ಮಂದಿಯನ್ನು, ಬಂದುದು ಇಷ್ಟೇ. ಆದರೆ ಮಾರಿಷಸ್ಸಿನ ಫ್ರೆಂಚ್ ಗವರ್ನರನು ಈ ಮೈತ್ರಿಯನ್ನು ಬಹಿರಂಗವಾಗಿ ಸಾರಿಬಿಟ್ಟದ್ದರಿಂದ ಇಂಗ್ಲಿಷರಿಗೆ ಯುದ್ಧಕ್ಕೆ ನೆವ ಸಿಕ್ಕಿತು. ಅದೇ ವರ್ಷದ ಜುಲೈನಲ್ಲಿ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದನು. ಆಗಸ್ಟ್ ೧ರಂದು ನೆಲ್ಸನ್ನನು ಅಲ್ಲಿಯೇ ಫ್ರೆಂಚರ ನೌಕಾಪಡೆಯನ್ನು ನಾಶಮಾಡಿದನು. ಇನ್ನು ಟೀಪುವಿಗೆ ಸಹಾಯ ಬರುವ ಆಸೆ ಇರಲಿಲ್ಲ. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು, ಟೀಪು ಮಡಿದನು. ಆ ದಿನಗಳ ಗಲಭೆಯಲ್ಲಿ ಸೆರೆಮನೆಯ ಬಾಗಿಲು ತೆರೆಯಿತು, ಧೋಂಡಿಯಾ ಹೊರಬಿದ್ದನು.

ಟೀಪುವಿನೊಡನೆ ಆತನ ಸೈನ್ಯವೂ ಮುಗಿಯಿತು. ಸಾವಿರಾರು ಸವಾರರು ಕತ್ತಿ, ಕುದುರೆಗಳೊಡನೆ ಬೀದಿಗೆ ಬಿದ್ದರು. ಅವರಿಗೆ ಸಂಬಳವಿಲ್ಲ, ಒಡೆಯನಿಲ್ಲ, ಹಿಡಿಯಲು ನೇಗಿಲಿಲ್ಲ. ಯುದ್ಧ ಮುಗಿಯಿತೆಂದು ಗೆದ್ದವರು ಸಾರಬಹುದು. ಯುದ್ಧವೊಂದನ್ನೇ ಕಸುಬಾಗಿ ಕಲಿತವನ ಹೊಟ್ಟೆ ಅದನ್ನು ಒಪ್ಪುವುದಿಲ್ಲ. ಇಂತಹವರು ಧೋಂಡಿಯಾನ ಸುತ್ತ ಕೂಡಿದರು. ಆತನು ನೇರವಾಗಿ ತನಗೆ ಪರಿಚಿತವಾದ ಬಿದನೂರು ಸೀಮೆಗೆ ಬಂದು ಶಿವಮೊಗ್ಗವನ್ನೂ ಹಲವು ಕೋಟೆಗಳನ್ನೂ ವಶಪಡಿಸಿಕೊಂಡನು. ಇಂಗ್ಲಿಷರ ಒಂದು ಪಡೆ ಡಾಲ್ರಿಂಪಲ್ಲನ ಕೈಕೆಳಗೆ ಚಿತ್ರದುರ್ಗದ ಕಡೆಯಿಂದಲೂ ಇನ್ನೊಂದು ಸ್ಟೀವನ್‌ಸನ್ನನ ಕೈಕೆಳಗೆ ಬೇರೆ ದಿಕ್ಕಿನಿಂದಲೂ ಹೊರಟವು. ನಮ್ಮ ಭೂಪಟವನ್ನು ತೆಗೆದು ನೋಡಿರಿ: ಪೂರ್ವಕ್ಕೆ ಚಿತ್ರದುರ್ಗದ ಮಗ್ಗುಲಿನ ಜಗಳೂರು, ಇತ್ತ ಚನ್ನಗಿರಿ, ತುಂಗಭದ್ರೆಯ ದಂಡೆಯಲ್ಲಿ ಹೊನ್ನಾಳಿ, ಅದರ ಪಕ್ಕದಲ್ಲಿ ನ್ಯಾಮತಿ, ಆಚೆಗೆ ಶಿಕಾರಿಪುರ. ಆ ವರ್ಷದ ಮುಂಗಾರಿನಲ್ಲಿ ದಂಡುಗಳು ಸುಳಿದಾಡಿದುದು ಈ ಸೀಮೆಯಲ್ಲಿಯೇ. ಆಗಸ್ಟ್ ೧೭ರಂದು ಶಿಕಾರಿಪುರದ ಬಳಿ ಧೋಂಡಿಯಾ ಸೋತು ಮರಾಠರ ಗಡಿಯೊಳಕ್ಕೆ ತಪ್ಪಿಸಿಕೊಂಡನು. ಅಲ್ಲಿ ಮರಾಠಾ ಸರದಾರ ಧೋಂಡೋಪಂತ ಗೋಖಲೆಯು ಆತನ ಪಾಳೆಯದ ಮೇಲೆ ಬಿದ್ದನು. ಎಲ್ಲವೂ ಮುಗಿಯಿತೆಂದು ಇಂಗ್ಲಿಷರು ಭಾವಿಸಿದರು.

ಆದರೆ ೧೮೦೦ರ ಬೇಸಗೆಯ ಹೊತ್ತಿಗೆ ಧೋಂಡಿಯಾ ಮೊದಲಿಗಿಂತ ಪ್ರಬಲನಾಗಿ ಎದ್ದಿದ್ದನು. ಅತೃಪ್ತರಾದ ಪಾಳೆಯಗಾರರೂ ಕೆಲಸವಿಲ್ಲದ ಸವಾರರೂ ಆತನನ್ನು ಸೇರಿದರು. ಉಭಯ ಲೋಕಾಧೀಶ್ವರ ಎಂಬ ಬಿರುದನ್ನು ಆತನು ಧರಿಸಿದನು. ಮೈಸೂರಿನಲ್ಲಿದ್ದ ಇಂಗ್ಲಿಷ್ ಸೈನ್ಯದ ಅಧಿಕಾರಿ ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಇದೇ ಸಮಯದಲ್ಲಿ, ಗವರ್ನರ್ ಜನರಲ್ ಆಗಿದ್ದ ಆತನ ಅಣ್ಣನಿಂದ ಒಂದು ದೊಡ್ಡ ಅವಕಾಶ ಬಂದಿತು. ಹಾಲೆಂಡು ಫ್ರಾನ್ಸಿನ ಪಕ್ಷದಲ್ಲಿದ್ದುದರಿಂದ ಜಾವಾದ್ವೀಪದಲ್ಲಿದ್ದ ಡಚ್ಚರ ಬಟೇವಿಯಾ ಪಟ್ಟಣದ ಮೇಲೆ ದಂಡೆತ್ತಿ ಹೋಗುವ ನಾಯಕತ್ವ ಅದು. ಕೀರ್ತಿಯೂ ಧನವೂ ಬರಬಹುದಾದ ಆ ಪದವಿಯನ್ನು ವೆಲ್ಲೆಸ್ಲಿ ಬೇಡವೆಂದನು. ಚನ್ನಗಿರಿಯ ಸವಾರನನ್ನು ಹಾಗೆಯೇ ಬಿಟ್ಟು ಹಡಗು ಹತ್ತುವುದು ಅಪಾಯವೆಂದು ಆತನಿಗೂ ಮದರಾಸಿನ ಸರ್ಕಾರಕ್ಕೂ ತೋರಿತು.

ಜೂನ್ ತಿಂಗಳಲ್ಲಿ ವೆಲ್ಲೆಸ್ಲಿ ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರನ್ನು ಹಿಡಿದನು. ಜೂನ್ ಕೊನೆಯಲ್ಲಿ ಧೋಂಡಿಯಾ ತನ್ನ ಹಳೆಯ ವೈರಿ ಗೋಖಲೆಯ ಮೇಲೆ ಎರಗಿ ಆತನನ್ನು ಕೊಂದನು. ಜುಲೈನಲ್ಲಿ ಡಂಬಳದ ಕೋಟೆ ಇಂಗ್ಲಿಷರ ಪಾಲಾಯಿತು. ಜುಲೈ ೩೦ರಂದು ಮುನವಳ್ಳಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಆತನ ಪಾಳೆಯವು ಹಠಾತ್ತನೆ ದಾಳಿಗೆ ಸಿಕ್ಕಿ, ಅನೇಕರು ಹೊಳೆಯಲ್ಲಿ ಮುಳುಗಿ ಸತ್ತರು. ಇಂಗ್ಲಿಷರೊಡನೆ ನಿಜಾಮನ ಸವಾರರಿದ್ದರು, ಮರಾಠರಿದ್ದರು, ಹೊಸದಾಗಿ ಸ್ಥಾಪಿತವಾದ ಮೈಸೂರಿನ ಸವಾರರೂ ಇದ್ದರು. ಧೋಂಡಿಯಾನೊಡನೆ ಯಾವ ರಾಜ್ಯವೂ ಇರಲಿಲ್ಲ. ೧೮೦೦ರ ಸೆಪ್ಟೆಂಬರ್ ೧೦ರಂದು ರಾಯಚೂರು ಸೀಮೆಯ ಕೋನಗಲ್ ಎಂಬಲ್ಲಿ ಸುಮಾರು ಐದು ಸಾವಿರ ಸವಾರರೊಡನೆ ಆತನು ಎದುರು ನಿಂತನು. ವೆಲ್ಲೆಸ್ಲಿಯು ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತಾನೇ ಮುಂದಾಗಿ ನುಗ್ಗಿದನು. ಆ ಹೋರಾಟದಲ್ಲಿ ಧೋಂಡಿಯಾ ಮಡಿದನು.

ಪಾಳೆಯದ ಸಾಮಾನುಗಳ ನಡುವೆ ಆತನ ಎಳೆಯ ಮಗ ಸಲಾಬತ್ ಖಾನ್ ಸಿಕ್ಕಿದನು. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ಕರೆಸಿಕೊಂಡು ಸಾಕಿದನು. ೧೮೦೫ರಲ್ಲಿ ಸ್ವದೇಶಕ್ಕೆ ಹೊರಟಾಗ ಅವನ ಪೋಷಣೆಗಾಗಿ ಹಣವನ್ನು ಬಿಟ್ಟುಹೋದನು. ಹುಡುಗನು ಬೆಳೆದು ಮೈಸೂರು ಮಹಾರಾಜರ ಸೇವೆಗೆ ಸೇರಿ ೧೮೨೨ರಲ್ಲಿ ತೀರಿಕೊಂಡನು.

ಇಂತಹ ಧೋಂಡಿಯಾನನ್ನು ನಾವು ಏನೆಂದು ಕರೆಯಬೇಕು? ಇಂಗ್ಲಿಷರು ದರೋಡೆಕೋರನೆಂದು ಬರೆದರು. ಈಚಿನವರು ಕೆಲವರು ಸ್ವಾತಂತ್ರ್ಯವೀರನೆನ್ನುತ್ತಾರೆ. ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆಯೆಂದು ನನಗೆ ತೋರುತ್ತದೆ. ಕಂಪನಿಯು ಸಂಧಿಪತ್ರದ ಬಲದಿಂದ ಕೋಟಿಗಟ್ಟಲೆ ಹಣವನ್ನು ಎಳೆದುಕೊಂಡರೆ ಅದು ಯುದ್ಧವೆಚ್ಚವೆನಿಸಿತು. ಧೋಂಡಿಯಾ ಹಳ್ಳಿಯಿಂದ ಎಳೆದುಕೊಂಡುದು ದರೋಡೆಯೆನಿಸಿತು. ಈ ಅನ್ಯಾಯವನ್ನು ನಾವು ಎತ್ತಿ ಹೇಳಲೇಬೇಕು. ಆದರೆ ಆತನು ಕಸಿದುದು ಯಾರದು? ಬಿತ್ತನೆಯ ಕಾಳನ್ನು ಮಡಕೆಯಲ್ಲಿಟ್ಟು ಮಳೆಗೆ ಕಾದಿದ್ದ ಒಕ್ಕಲಿನವನದು. ಇಂಗ್ಲಿಷ್ ಸೇನಾನಿ ಬರೆದ ಕಾಗದಗಳು ಸಂಪುಟಗಳಾಗಿ ಅಚ್ಚಾಗಿವೆ. ಕಾಳನ್ನು ಕಳೆದುಕೊಂಡವನು ಏನನ್ನೂ ಬರೆಯಲಿಲ್ಲ. ಆತನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಮನೆಯಲ್ಲಿಯೂ ನನಗಿಂತ ಹಿಂದಿನವರು ಹೆಬ್ಬೆಟ್ಟು ಒತ್ತಿದವರೇ. ಆದುದರಿಂದ ಈ ಕಥೆಯನ್ನು ಓದುವಾಗ ನನ್ನ ಮನಸ್ಸು ಸವಾರನಿಗಿಂತ ಹೆಚ್ಚಾಗಿ ಅವನ ಕುದುರೆ ತುಳಿದ ಹೊಲದ ಕಡೆಗೇ ಹೋಗುತ್ತದೆ.

ವೆಲ್ಲೆಸ್ಲಿ ೧೮೦೩ರಲ್ಲಿ ಅಸ್ಸಾಯೆಯಲ್ಲಿ ಮರಾಠರನ್ನು ಸೋಲಿಸಿದನು. ಯಾರು ಧೋಂಡಿಯಾನನ್ನು ಹಿಡಿಯಲು ನೆರವಾಗಿದ್ದರೋ ಅವರ ಪೇಶ್ವೆಯ ಪದವಿಯೂ ೧೮೧೮ರಲ್ಲಿ ಅಳಿಯಿತು. ೧೮೧೫ರ ಜೂನ್ ೧೮ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನು ಸೋತಾಗ ಎದುರಿಗಿದ್ದವನು ಅದೇ ವೆಲ್ಲೆಸ್ಲಿ, ಆಗ ವೆಲಿಂಗ್ಟನ್ನಿನ ಡ್ಯೂಕ್. ಮೈತ್ರಿಗೆ ಸೇರಿದ ಟೀಪು ಮಿತ್ರರಿಂದ ದೂರವಾಗಿ ಮಡಿದನು. ಯಾವ ಮೈತ್ರಿಗೂ ಸೇರದ ಧೋಂಡಿಯಾ ಎಲ್ಲರಿಂದಲೂ ಬೇಟೆಯಾಡಲ್ಪಟ್ಟನು. ಗೆದ್ದವರ ಮಿತ್ರರು ಗೆದ್ದವರಿಂದಲೇ ನುಂಗಲ್ಪಟ್ಟರು. ದೊಡ್ಡವರ ಜಗಳದಲ್ಲಿ ಪಕ್ಷ ಹಿಡಿದ ಚಿಕ್ಕ ರಾಜ್ಯಗಳ ಪಾಡು ಇದು.

ವಿದ್ಯಾರ್ಥಿ ಮಿತ್ರರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಿಂದ ಬಂದು ಇಲ್ಲಿ ಕಲಿಯುತ್ತಿರುವ ನಾವು ಲೋಕದ ಇತಿಹಾಸವನ್ನು ಪರೀಕ್ಷೆಗಾಗಿ ಮಾತ್ರ ಓದಿ ಮರೆಯಬಾರದು. ದೂರದೇಶದ ಅರಮನೆಯಲ್ಲಿ ಬಿದ್ದ ಒಂದು ರುಜುವು ನಮ್ಮ ಹೊಳೆಯ ದಡಕ್ಕೆ ದಂಡನ್ನು ತಂದುದುಂಟು. ಅದನ್ನು ಓದಿ ತಿಳಿದು, ಓದು ಬಾರದ ನಮ್ಮ ಹಿರಿಯರಿಗೂ ತಿಳಿಸಿ ಹೇಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.