ಲೀ ಮಾಡಿದ ತಗಡಿನ ಡಬ್ಬಿ

ತ್ರೀ ನಾಟ್ ತ್ರೀ ಅನ್ನೋ ಹೆಸರು ಕೇಳದವರು ನಮ್ಮಲ್ಲಿ ಕಮ್ಮಿ. ಹಳೇ ಸಿನಿಮಾಗಳಲ್ಲಿ ಪೇದೆಗಳ ಹೆಗಲ ಮೇಲೆ ಇರ್ತಿದ್ದ ಮರದ ಹಿಡಿಯ ಉದ್ದನೆ ಬಂದೂಕು ಅದೇ. ಪೂರ್ತಿ ಹೆಸರು ಲೀ-ಎನ್‌ಫೀಲ್ಡ್. ಎನ್‌ಫೀಲ್ಡ್ ಅಂದ ತಕ್ಷಣ ನಮ್ಮ ಹಾಸ್ಟೆಲ್ ಹುಡುಗರಿಗೆ ಬುಲೆಟ್ ಬೈಕ್ ನೆನಪಾಗುತ್ತೆ. ಅದೂ ಸಂಬಂಧವಿಲ್ಲದ್ದೇನಲ್ಲ. ಇಂಗ್ಲೆಂಡಿನ ಎನ್‌ಫೀಲ್ಡ್ ಊರಿನ ಸರ್ಕಾರಿ ಬಂದೂಕು ಕಾರ್ಖಾನೆಗೆ ಬಿಡಿಭಾಗ ಮಾಡಿಕೊಡ್ತಿದ್ದ ಕಂಪನಿಯೇ ಆಮೇಲೆ ಆ ಹೆಸರು ಇಟ್ಕೊಂಡು ಸೈಕಲ್, ಬೈಕ್ ಮಾಡಿದ್ದು. ಸರಿ, ಎನ್‌ಫೀಲ್ಡ್ ಊರು. ಹಾಗಾದ್ರೆ ಲೀ ಯಾರು?

ಜೇಮ್ಸ್ ಪ್ಯಾರಿಸ್ ಲೀ. ಹುಟ್ಟಿದ್ದು 1831ರ ಆಗಸ್ಟ್ 9ರಂದು, ಸ್ಕಾಟ್ಲೆಂಡಿನ ಹಾವಿಕ್ ಅನ್ನೋ ಊರಲ್ಲಿ. ಪ್ಯಾರಿಸ್ ಅಂದ್ರೆ ಫ್ರಾನ್ಸಿನ ಊರಲ್ಲ, ತಾಯಿಯ ತವರುಮನೆ ಹೆಸರು. ಐದು ವರ್ಷದವನಿದ್ದಾಗ ಮನೆಮಂದಿಯೆಲ್ಲ ಕೆನಡಾದ ಗಾಲ್ಟ್ ಅನ್ನೋ ಊರಿಗೆ ಹೋಗಿ ನೆಲೆಸಿದರು. ಹನ್ನೆರಡನೇ ವಯಸ್ಸಿಗೆ ಅಪ್ಪನ ಹಳೇ ಪಿಸ್ತೂಲೊಂದನ್ನ ತಗೊಂಡು, ವಾಲ್‌ನಟ್ ಮರದಲ್ಲಿ ಹಿಡಿ ಕೆತ್ತಿ, ಮದ್ದು ಹಾಕೋ ಬಟ್ಟಲಿಗೆ ಅರ್ಧ ಪೆನ್ನಿ ನಾಣ್ಯ ಬಡಿದು ಕೂರಿಸಿ ಒಂದು ಬಂದೂಕು ಮಾಡಿದ. ಅದು ಸರಿಯಾಗಿ ಹಾರಲಿಲ್ಲ. ಆದ್ರೆ ಆ ಗೀಳು ಹೋಗಲಿಲ್ಲ.

ಹೊಟ್ಟೆಪಾಡಿಗೆ ಕಲಿತದ್ದು ಗಡಿಯಾರದ ಕೆಲಸ. ಈ ಒಂದು ವಿಷಯ ಆತನ ಜೀವನದಲ್ಲಿ ಎಲ್ಲದಕ್ಕಿಂತ ಮುಖ್ಯ ಅಂತ ನನಗನ್ಸುತ್ತೆ. ಕಮ್ಮಾರನ ಮಗನಾಗಿದ್ರೆ ಬಹುಶಃ ನಳಿಗೆ ಬಗ್ಗೆ, ಕಬ್ಬಿಣದ ಬಗ್ಗೆ ಯೋಚನೆ ಮಾಡ್ತಿದ್ದ. ಗಡಿಯಾರದವನಿಗೆ ಕಣ್ಣು ಹೋಗೋದು ಸ್ಪ್ರಿಂಗ್ ಮೇಲೆ. ಒಂದು ತೆಳು ಉಕ್ಕಿನ ಪಟ್ಟಿ ಎಷ್ಟು ಬಲ ಕೊಡುತ್ತೆ, ಎಷ್ಟು ದಿನ ಕೊಡುತ್ತೆ, ಯಾವಾಗ ಸೋಲುತ್ತೆ ಅನ್ನೋದು ಅವನ ದಿನನಿತ್ಯದ ಲೆಕ್ಕ.

1858ರಲ್ಲಿ ಹೆಂಡತಿ ಮಕ್ಕಳ ಜೊತೆ ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದ. ಮೂರೇ ವರ್ಷಕ್ಕೆ ಅಲ್ಲಿ ಅಂತರ್ಯುದ್ಧ ಶುರುವಾಯ್ತು. ಆಗಿನ ಸೈನಿಕರು ನಳಿಗೆಯ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು ಹಾರಿಸಬೇಕಿತ್ತು. ನಮ್ಮ ಮಲೆನಾಡಿನ ಕೇಪಿನ ಕೋವಿ ನೋಡಿದವರಿಗೆ ಇದು ಗೊತ್ತು. ಲೀ ಹಿಂದಿನಿಂದ ತೋಟಾ ಹಾಕೋ ಹಾಗೆ ಆ ಬಂದೂಕನ್ನ ಬದಲಿಸೋ ಉಪಾಯ ಕಂಡುಹಿಡಿದ. ಸೇನೆ ಒಪ್ಪಿತು, 1000 ಕಾರ್ಬೈನ್‌ಗಳಿಗೆ ಆರ್ಡರ್ ಕೊಟ್ಟಿತು. ಲೀ ಮಿಲ್ವಾಕಿಯಲ್ಲಿ ಕಂಪನಿ ಕಟ್ಟಿದ, ಬಂದೂಕು ಮಾಡಿದ. ಆದ್ರೆ ನಳಿಗೆಯ ಒಳ ಅಳತೆ ಸೇನೆಗೆ ಬೇಕಾದದ್ದಾಗಿರಲಿಲ್ಲ. ಮಾಲು ಬೇಡ ಅಂದುಬಿಟ್ಟರು.

ಒಂದು ಅಳತೆ. ವರ್ಕ್‌ಶಾಪ್ ಲ್ಯಾಬಲ್ಲಿ ವಿ-ಫಿಟ್ಟಿಂಗ್ ಜೋಡಿಸಿ ಬೆಳಕಿಗೆ ಹಿಡಿದಾಗ ಸಂದಿಯಲ್ಲಿ ಬೆಳಕು ಕಂಡ್ರೆ ನಮಗೆ ಹೋಗೋದು ಐದು ಮಾರ್ಕ್ಸು. ಲೀಗೆ ಹೋದದ್ದು ಕಂಪನಿ. ಮಿಕ್ಕ ಬಂದೂಕುಗಳನ್ನ ಬೇಟೆಯವರಿಗೆ ಮಾರೋ ಪ್ರಯತ್ನ ಮಾಡಿ, ಕೊನೆಗೆ ಅಂಗಡಿ ಮುಚ್ಚಿ, ನ್ಯೂಯಾರ್ಕ್ ರಾಜ್ಯದ ಇಲಿಯನ್‌ನಲ್ಲಿದ್ದ ರೆಮಿಂಗ್ಟನ್ ಕಾರ್ಖಾನೆ ಸೇರಿದ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮ್ಯಾಗಜೀನ್ ಅಂದ್ರೆ ಮೂಲದಲ್ಲಿ ಉಗ್ರಾಣ ಅಂತ, ಅರಬ್ಬಿಯಿಂದ ಬಂದ ಪದ. ಕೋಟೆಗಳಲ್ಲಿ ಇರೋ ಮದ್ದಿನಮನೆಗೂ ಇಂಗ್ಲಿಷಿನಲ್ಲಿ ಅದೇ ಹೆಸರು. ನಮ್ಮ ಜಗಳೂರಿಂದ ಒಂದು ಬಸ್ ಹತ್ತಿದರೆ ಚಿತ್ರದುರ್ಗ, ಅಲ್ಲಿ ಕೋಟೆಯೊಳಗೆ ಮದ್ದು ಬೀಸೋ ದೊಡ್ಡ ಕಲ್ಲುಗಳನ್ನ ಈಗಲೂ ನೋಡಬಹುದು. ಮದ್ದು, ಗುಂಡು ಎಲ್ಲ ಒಂದು ಕಡೆ, ಬಂದೂಕು ಇನ್ನೊಂದು ಕಡೆ, ಸೈನಿಕ ಮಧ್ಯೆ ಓಡಾಡಬೇಕು. ಆ ಉಗ್ರಾಣವನ್ನೇ ಚಿಕ್ಕದು ಮಾಡಿ ಬಂದೂಕಿನೊಳಗೆ ಇಡೋದು ಹೇಗೆ ಅನ್ನೋದು 19ನೇ ಶತಮಾನದ ಎಲ್ಲ ಬಂದೂಕು ತಯಾರಕರ ತಲೆಬಿಸಿಯಾಗಿತ್ತು. (ನೀವು ಈಗ ಓದ್ತಿರೋದೂ ಮ್ಯಾಗಜೀನೇ, ಇದು ಬರಹಗಳ ಉಗ್ರಾಣ. ಜಾಮ್ ಆಗೋದು ಸಂಪಾದಕರ ಹತ್ತಿರ ಮಾತ್ರ.)

ಲೀಗಿಂತ ಮುಂಚೆ ಒಂದು ಉತ್ತರ ಇತ್ತು: ಕೊಳವೆ. ಸ್ಪೆನ್ಸರ್ ಬಂದೂಕಲ್ಲಿ ಹಿಡಿಯ ಒಳಗೆ, ವಿಂಚೆಸ್ಟರ್‌ನಲ್ಲಿ ನಳಿಗೆಯ ಕೆಳಗೆ. ತೋಟಾಗಳು ಒಂದರ ಹಿಂದೆ ಒಂದು ಸಾಲಾಗಿ ಮಲಗಿರ್ತಿದ್ವು. ತೊಂದರೆ ಅಲ್ಲೇ ಇತ್ತು. ಪ್ರತಿ ತೋಟಾದ ಮೂಗು ಮುಂದಿನದರ ಹಿಂಭಾಗಕ್ಕೆ ಒತ್ತಿಕೊಂಡಿರುತ್ತೆ, ಮತ್ತು ತೋಟಾಕ್ಕೆ ಬೆಂಕಿ ಹತ್ತೋ ಜಾಗ ಇರೋದೇ ಆ ಹಿಂಭಾಗದ ನಡುವಲ್ಲಿ. ಗುಂಡು ಚೂಪಾಗಿದ್ದು, ಬಂದೂಕು ಜೋರಾಗಿ ಒದ್ದರೆ, ಕೊಳವೆಯೊಳಗೇ ಸಿಡಿಯೋ ಅಪಾಯ. ಅದಕ್ಕೇ ಮೊಂಡು ಮೂಗಿನ ಗುಂಡೇ ಹಾಕಬೇಕಿತ್ತು. ಇನ್ನೊಂದು, ತೋಟಾ ಖಾಲಿಯಾಗ್ತಾ ಹೋದ ಹಾಗೆ ಬಂದೂಕಿನ ತೂಕದ ನಡುಬಿಂದು ಜರುಗುತ್ತೆ. ಖಾಲಿಯಾದ ಮೇಲೆ ಒಂದೊಂದಾಗಿ ತುಂಬೋದು ಬೇರೆ ತಾಪತ್ರಯ.

ಲೀ ಮಾಡಿದ್ದು ಕೇಳಿದ್ರೆ ಇಷ್ಟೇನಾ ಅನ್ಸುತ್ತೆ. ತೋಟಾಗಳನ್ನ ಸಾಲಾಗಿ ಮಲಗಿಸೋ ಬದಲು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿದ, ಮೇಲ್ಭಾಗ ತೆರೆದ ಒಂದು ತಗಡಿನ ಡಬ್ಬಿಯಲ್ಲಿ. ತಳದಲ್ಲಿ ಮಡಚಿದ ಸ್ಪ್ರಿಂಗು, ಅದರ ಮೇಲೆ ಒಂದು ಹಲಗೆ. ಡಬ್ಬಿ ಬೋಲ್ಟಿನ ಕೆಳಗೆ ಕೂರುತ್ತೆ. ಬೋಲ್ಟ್ ಹಿಂದಕ್ಕೆ ಹೋದಾಗ ಸ್ಪ್ರಿಂಗ್ ಒಂದು ತೋಟಾ ಮೇಲೆತ್ತುತ್ತೆ, ಮುಂದಕ್ಕೆ ಬಂದಾಗ ಬೋಲ್ಟ್ ಅದನ್ನ ನಳಿಗೆಗೆ ತಳ್ಳುತ್ತೆ. ಬೇಕಿದ್ರೆ ಡಬ್ಬಿಯನ್ನೇ ಕಳಚಿ ಇನ್ನೊಂದು ಹಾಕಬಹುದು. 1879ರ ನವೆಂಬರ್ 4ರಂದು ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು, ನಂಬರ್ 221328.

ಇಷ್ಟೇನಾ ಅಂದೆ, ಆದ್ರೆ ಮೆಕ್ಯಾನಿಕಲ್ ಹುಡುಗರು ಸ್ವಲ್ಪ ನಿಂತು ನೋಡಬೇಕು. ಡಬ್ಬಿ ತುಂಬಿದ್ದಾಗ ಸ್ಪ್ರಿಂಗ್ ಪೂರ್ತಿ ಅಮುಕಿರುತ್ತೆ, ಬಲ ಜಾಸ್ತಿ. ಕೊನೇ ತೋಟಾಕ್ಕೆ ಬರೋ ಹೊತ್ತಿಗೆ ಹಿಗ್ಗಿರುತ್ತೆ, ಬಲ ಕಮ್ಮಿ. ಹುಕ್‌ನ ನಿಯಮ. ತುಂಬಿದಾಗ ಬಲ ಅತಿಯಾದ್ರೆ ತೋಟಾ ಮೇಲಕ್ಕೆ ಒತ್ತಿಕೊಂಡು ಬೋಲ್ಟ್ ತಳ್ಳೋದು ಕಷ್ಟ. ಕೊನೆಯಲ್ಲಿ ಬಲ ಸಾಲದಿದ್ರೆ ತೋಟಾ ಮೇಲೆ ಬರೋದೇ ಇಲ್ಲ, ಬೋಲ್ಟ್ ಅದರ ತಲೆ ಮೇಲೆ ಸುಮ್ನೆ ಹಾದು ಹೋಗುತ್ತೆ, ಸೈನಿಕ ಖಾಲಿ ಬಂದೂಕಿನ ಕುದುರೆ ಒತ್ತುತ್ತಾನೆ. ಟಕ್ ಅಂತ ಒಂದು ಸದ್ದು. ಎದುರಿಗೆ ಯಾರಾದ್ರೂ ಇದ್ದಾಗ ಆ ಸದ್ದಿನ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಅದಕ್ಕಿಂತ ಸೂಕ್ಷ್ಮವಾದದ್ದು ಡಬ್ಬಿಯ ಬಾಯಲ್ಲಿರೋ ತುಟಿಗಳು. ಎರಡೂ ಬದಿಯ ತಗಡನ್ನ ಒಳಕ್ಕೆ ಬಗ್ಗಿಸಿರ್ತಾರೆ, ತೋಟಾ ಹಾರಿಹೋಗದ ಹಾಗೆ ಹಿಡಿಯೋಕೆ, ಆದ್ರೆ ಬೋಲ್ಟ್ ತಳ್ಳಿದ್ರೆ ಬಿಡೋಕೆ. ಹಿಡೀಬೇಕು, ಬಿಡಲೂಬೇಕು. ತುಟಿ ಸ್ವಲ್ಪ ಅಗಲವಾದ್ರೆ ತೋಟಾ ನೆಟ್ಟಗೆ ಎದ್ದು ನಿಲ್ಲುತ್ತೆ, ಕಿರಿದಾದ್ರೆ ಅಲ್ಲೇ ಕಚ್ಚಿಕೊಳ್ಳುತ್ತೆ. ಇಡೀ ಬಂದೂಕಲ್ಲಿ ನಳಿಗೆ, ಬೋಲ್ಟ್ ಎಲ್ಲ ದಪ್ಪ ಉಕ್ಕು. ಇದೊಂದು ಮಾತ್ರ ಅಚ್ಚಿನಲ್ಲಿ ಒತ್ತಿದ ತೆಳು ತಗಡು, ಕಲ್ಲಿನ ಮೇಲೆ ಬಿದ್ರೆ ನೆಗ್ಗುತ್ತೆ. ಬಂದೂಕಿನಲ್ಲಿ ಅತಿ ಅಗ್ಗದ ಭಾಗವೇ ಅದರ ನಂಬಿಕೆಯ ಭಾರವನ್ನೂ ಹೊರುತ್ತೆ. ಲೀ ಈ ಸಮಸ್ಯೆಯನ್ನ ಪೂರ್ತಿ ಬಗೆಹರಿಸಿದ ಅಂತ ನಾನು ಹೇಳಲ್ಲ. ಆತ ಸಮಸ್ಯೆಯನ್ನ ಸರಿಯಾದ ಜಾಗಕ್ಕೆ ತಂದಿಟ್ಟ, ಕಳಚಿ ನೋಡಬಹುದಾದ, ಕೆಟ್ಟರೆ ಬದಲಿಸಬಹುದಾದ ಜಾಗಕ್ಕೆ.

ಪೇಟೆಂಟ್ ಏನೋ ಸಿಕ್ಕಿತು, ಅದೃಷ್ಟ ಸಿಗಲಿಲ್ಲ. ಬಂದೂಕು ಮಾಡಿಕೊಡೋಕೆ ಒಪ್ಪಿದ್ದ ಶಾರ್ಪ್ಸ್ ಕಂಪನಿ ಸ್ವಲ್ಪ ದಿನಕ್ಕೇ ಬಾಗಿಲು ಹಾಕಿತು. ಕೆಲಸ ರೆಮಿಂಗ್ಟನ್‌ಗೆ ಹೋಯ್ತು, 1886ರಲ್ಲಿ ರೆಮಿಂಗ್ಟನ್ನೂ ದಿವಾಳಿ. ನಡುವೆ ಅಮೆರಿಕದ ಸೇನೆ ಲೀಯದ್ದೂ ಸೇರಿ ಮೂರು ಬಗೆಯ ಮ್ಯಾಗಜೀನ್ ಬಂದೂಕುಗಳನ್ನ ಸೈನಿಕರ ಕೈಗೇ ಕೊಟ್ಟು ಪರೀಕ್ಷೆ ಮಾಡಿತು. ಮೂರರಲ್ಲಿ ಲೀಯದ್ದೇ ಮೇಲು ಅಂತ ಬಂತು. ಆದ್ರೂ ನಮಗೆ ಒಂದೊಂದೇ ತೋಟಾ ಹಾಕೋ ಹಳೇ ಸ್ಪ್ರಿಂಗ್‌ಫೀಲ್ಡೇ ಸಾಕು ಅಂತ ಅದರಲ್ಲೇ ಇನ್ನೂ ಕೆಲವು ವರ್ಷ ತಳ್ಳಿದರು. ಫಸ್ಟ್ ರ‍್ಯಾಂಕ್ ಬಂದು ಪ್ಲೇಸ್‌ಮೆಂಟ್ ಆಗದವರ ಕಥೆ.

ಕೆಲಸ ಕೊಟ್ಟಿದ್ದು ಬ್ರಿಟಿಷರು. ವರ್ಷಗಟ್ಟಲೆ ಪರೀಕ್ಷೆ ಮಾಡಿ, 1888ರ ಡಿಸೆಂಬರ್‌ನಲ್ಲಿ ಲೀಯ ಬೋಲ್ಟು ಮತ್ತು ಡಬ್ಬಿ, ಮೆಟ್‌ಫರ್ಡ್ ಅನ್ನೋ ಎಂಜಿನಿಯರ್‌ನ ನಳಿಗೆ ಸೇರಿಸಿ ಲೀ-ಮೆಟ್‌ಫರ್ಡ್ ಅಂತ ಒಪ್ಪಿಕೊಂಡರು. ನಳಿಗೆಯ ಅಳತೆ .303 ಇಂಚು. ಡಬ್ಬಿಯಲ್ಲಿ ಮೊದಲು 8 ತೋಟಾ, 1892ರಲ್ಲಿ ಎರಡು ಸಾಲು ಮಾಡಿ 10. ಹೊಗೆಯಿಲ್ಲದ ಹೊಸ ಮದ್ದು ಮೆಟ್‌ಫರ್ಡ್ ನಳಿಗೆಯನ್ನ ಬೇಗ ತಿಂದುಹಾಕ್ತಿತ್ತು ಅಂತ 1895ರಲ್ಲಿ ಎನ್‌ಫೀಲ್ಡ್‌ನವರು ನಳಿಗೆ ಬದಲಿಸಿದರು, ಹೆಸರೂ ಬದಲಾಯ್ತು. ಲೀ ಮಾತ್ರ ಉಳಿದ.

ತಮಾಷೆ ಅಂದ್ರೆ, ಕಳಚಬಹುದಾದ ಡಬ್ಬಿಯನ್ನ ಕೊಂಡ ಬ್ರಿಟಿಷರು ಅದನ್ನ ಒಂದು ಕೊಂಡಿ ಹಾಕಿ ಬಂದೂಕಿಗೇ ಕಟ್ಟಿಬಿಟ್ಟರು, ಕಳೆದುಹೋಗಬಾರದು ಅಂತ. ಅಷ್ಟೇ ಅಲ್ಲ, ಡಬ್ಬಿಯ ಬಾಯಿಗೆ ಒಂದು ಅಡ್ಡ ತಗಡು. ಮಾಮೂಲಿ ಹೊತ್ತಲ್ಲಿ ಸೈನಿಕ ಒಂದೊಂದೇ ತೋಟಾ ಕೈಯಿಂದ ಹಾಕಿ ಹಾರಿಸಬೇಕು, ಡಬ್ಬಿಯದ್ದು ಆಪತ್ಕಾಲಕ್ಕೆ. ತೋಟಾ ಪೋಲು ಮಾಡ್ತಾನೆ ಅನ್ನೋ ಅನುಮಾನ. 1916ರಲ್ಲಿ, ಮೊದಲ ಮಹಾಯುದ್ಧದ ಮಧ್ಯೆ, ಆ ಅಡ್ಡ ತಗಡನ್ನ ಕೈಬಿಟ್ಟರು.

.303 ತೋಟಾಕ್ಕೆ ಹಿಂದೆ ಒಂದು ಎದ್ದ ಅಂಚು ಇತ್ತು. ಡಬ್ಬಿಯಲ್ಲಿ ಪೇರಿಸುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಇರಲೇಬೇಕು. ಹಿಂದೆ ಬಿದ್ದರೆ, ಬೋಲ್ಟ್ ತಳ್ಳಿದಾಗ ಅದು ಕೆಳಗಿನದನ್ನೂ ಎಳ್ಕೊಂಡು ಹೋಗಿ ಎರಡೂ ಸಿಕ್ಕಿಹಾಕಿಕೊಳ್ತವೆ. ಡಬ್ಬಿ ಚೆನ್ನಾಗಿದೆ, ಸ್ಪ್ರಿಂಗ್ ಚೆನ್ನಾಗಿದೆ, ತುಂಬಿದ ಕೈ ಅವಸರ ಮಾಡಿತು, ಅಷ್ಟೇ. ಅದಕ್ಕೇ ತೋಟಾ ತುಂಬೋದನ್ನೇ ಸೈನಿಕರಿಗೆ ಪಾಠದ ಹಾಗೆ ಕಲಿಸ್ತಿದ್ರು. ಚೆನ್ನಾಗಿ ಕಲಿತವನು ನಿಮಿಷಕ್ಕೆ 15 ಗುಂಡು ಗುರಿಯಿಟ್ಟು ಹಾರಿಸ್ತಿದ್ದ. ಅಂದ್ರೆ ನಾಲ್ಕು ಸೆಕೆಂಡಿಗೆ ಒಂದು, ಅದರಲ್ಲಿ ಸ್ಪ್ರಿಂಗಿಗೆ ಸಿಗೋದು ಕಣ್ಣು ಮಿಟುಕಿಸೋ ಹೊತ್ತು.

ಲೀ ಅಷ್ಟರಲ್ಲಿ ಬೇರೆ ಕಡೆ ತಿರುಗಿದ್ದ. 1895ರಲ್ಲಿ ಅಮೆರಿಕದ ನೌಕಾಪಡೆಗೆ 6 ಮಿಲಿಮೀಟರ್‌ನ ಹೊಸ ಬಂದೂಕು ಮಾಡಿಕೊಟ್ಟ, ಬೋಲ್ಟ್ ತಿರುಗಿಸದೆ ನೇರ ಎಳೆಯೋದು. ಕಾಲಕ್ಕಿಂತ ಮುಂದಿದ್ದ ಮಾಲು, ಬಹಳ ದಿನ ಬಾಳಲಿಲ್ಲ. 1904ರ ಫೆಬ್ರುವರಿ 24ರಂದು, 72ನೇ ವಯಸ್ಸಿನಲ್ಲಿ, ಕನೆಕ್ಟಿಕಟ್‌ನ ಶಾರ್ಟ್ ಬೀಚ್ ಅನ್ನೋ ಕಡಲತೀರದ ಊರಲ್ಲಿ ತೀರಿಕೊಂಡ. ಆತನ ಹೆಸರಿನ ಬಂದೂಕಿನ ಅತಿ ಹೆಸರುವಾಸಿ ಮಾದರಿ ಬಂದಿದ್ದು 1907ರಲ್ಲಿ. ಎರಡು ಮಹಾಯುದ್ಧ, ಅಂದಾಜು ಒಂದು ಕೋಟಿ ಎಪ್ಪತ್ತು ಲಕ್ಷ ಬಂದೂಕು, ಯಾವುದನ್ನೂ ಆತ ನೋಡಲಿಲ್ಲ. ಆ ಬಂದೂಕಿನಿಂದ ಸತ್ತವರ ಲೆಕ್ಕ ಇಟ್ಟವರಿಲ್ಲ. ಬಂದೂಕು ಕೈಕೊಡಬಾರದು ಅಂತ ಬಯಸೋದು ಅಂದ್ರೆ ಏನನ್ನ ಬಯಸ್ತಿದ್ದೀವಿ ಅನ್ನೋದೂ ಓದುವಾಗ ನನ್ನ ತಲೆಯಲ್ಲಿ ಸುಳಿದದ್ದು ನಿಜ.

ನಮ್ಮ ದೇಶದಲ್ಲಿ ಇದನ್ನ ಮಾಡಿದ್ದು ಕೋಲ್ಕತ್ತಾ ಹತ್ತಿರದ ಇಷಾಪುರ ಕಾರ್ಖಾನೆ. 1962ರ ಚೀನಾ ಯುದ್ಧದ ಕಾಲದಲ್ಲಿಯೂ ನಮ್ಮ ಸೈನಿಕರ ಕೈಲಿ ಇದ್ದದ್ದು ಇದೇ .303. ಆಮೇಲೆ ಇಷಾಪುರದವರು ಅದೇ ಬಂದೂಕನ್ನ ಗಟ್ಟಿ ಉಕ್ಕಿನಲ್ಲಿ, 7.62 ಮಿಲಿಮೀಟರ್ ತೋಟಾಕ್ಕೆ ಹೊಂದಿಸಿ ಮಾಡಿದರು. ಹೊಸ ತೋಟಾಕ್ಕೆ ಎದ್ದ ಅಂಚಿಲ್ಲ, ಹಾಗಾಗಿ ಆ ಸಿಕ್ಕಿಕೊಳ್ಳೋ ಕಾಟ ಹೋಯ್ತು. ಡಬ್ಬಿಯನ್ನೂ ಹೊಸದಾಗಿ ಮಾಡಿದರು, 12 ತೋಟಾದ್ದು. ಪೊಲೀಸರ ಹತ್ತಿರ ಮಾತ್ರ .303 ಮುಂದುವರೀತು. ಉತ್ತರ ಪ್ರದೇಶದ ಪೊಲೀಸರು ಅದನ್ನ ಬೀಳ್ಕೊಟ್ಟಿದ್ದು 2020ರಲ್ಲಿ.

ಸೇನೆಗೆ ಬಂದ ದೇಸಿ ಬಂದೂಕು ಇನ್ಸಾಸ್. ಅದರ ಮ್ಯಾಗಜೀನ್ ತಗಡಿನದ್ದಲ್ಲ, ಆಚೆ ಕಾಣೋ ಪ್ಲಾಸ್ಟಿಕ್ಕಿನದು. ಒಳಗೆ ಎಷ್ಟು ತೋಟಾ ಉಳಿದಿದೆ ಅಂತ ನೋಡಿದ್ರೇ ಗೊತ್ತಾಗುತ್ತೆ, ಉಪಾಯ ಚೆನ್ನಾಗೇ ಇದೆ. 1999ರಲ್ಲಿ ಕಾರ್ಗಿಲ್‌ನ ಚಳಿಯಲ್ಲಿ ಆ ಡಬ್ಬಿಗಳು ಬಿರುಕು ಬಿಟ್ಟವು ಅಂತ ವರದಿಗಳು ಬಂದವು. ತಂಪಾದಾಗ ಪ್ಲಾಸ್ಟಿಕ್ ಪೆಡಸಾಗುತ್ತೆ ಅನ್ನೋದು ನಮ್ಮ ಮೆಟೀರಿಯಲ್ ಸೈನ್ಸ್ ಪುಸ್ತಕದಲ್ಲೇ ಇದೆ. ಇಂಟರ್ನಲ್ಸ್‌ಗೆ ಎರಡು ಮಾರ್ಕ್ಸಿನ ಪ್ರಶ್ನೆ.

ಈಗ ಅಮೇಠಿಯ ಹತ್ತಿರ ಕೋರ್ವಾದಲ್ಲಿ ಎಕೆ-203 ತಯಾರಾಗ್ತಿದೆ. ಅದರ ಡಬ್ಬಿ ಬಾಗಿದೆ, 30 ತೋಟಾ ಹಿಡಿಯುತ್ತೆ, ಕೂರೋದು ಬೋಲ್ಟಿನ ಕೆಳಗೇ. ಒಳಗೆ ಒಂದು ಸ್ಪ್ರಿಂಗು, ಬಾಯಲ್ಲಿ ಎರಡು ತುಟಿ.